ಸಂಗ್ರಹ ಚಿತ್ರ

"ಬಂದ, ಬಂದ! ಬಾರೇ ಇಲ್ಲಿ, ಬಂದ!"

ಅತ್ತೆಯ ಕೂಗಿಗೆ ಸೊಸೆಯ ಕೈ ನಿಂತಿತು. ಕಿಟಕಿಯ ಹತ್ತಿರ ಹೊಲಿಗೆ ಮಷೀನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಳು. ಬಾಯಲ್ಲಿ ಎರಡು ಗುಂಡುಪಿನ್ನು. ನೋಡಬಾರದು ಅಂದುಕೊಂಡರೂ ಹಾಳು ಕತ್ತು ತಾನಾಗಿಯೇ ಟೀವಿಯ ಕಡೆ ತಿರುಗಿತು. ಬರುತ್ತಿದ್ದ. ಹೊಗೆ ತುಂಬಿದ ದೊಡ್ಡ ಬಾಗಿಲಿನಿಂದ, ಹೆಗಲ ಮೇಲೆ ಉದ್ದನೆಯ ಗಂಟು ಹೊತ್ತು, ತಲೆ ತಗ್ಗಿಸಿ, ದಾಪುಗಾಲು ಹಾಕುತ್ತ ಅವಳ ಗಂಡ ಬರುತ್ತಿದ್ದ. ಅವನ ಸುತ್ತ ಒಂದು ಕೆಂಪು ಸುತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ನೆರೆಯಲ್ಲೂ ಬಿಡದ ಲೂಟಿಕೋರರು' ಅಂತ. ಮೂಲೆಯಲ್ಲಿ, ಕಣ್ಣಿಗೆ ಬಿದ್ದರೆ ಬಿತ್ತು ಅನ್ನುವಷ್ಟು ಸಣ್ಣದಾಗಿ, 'ಸಂಗ್ರಹ ಚಿತ್ರ'.

ಪರದೆಯ ಅಂಚು ಮುಟ್ಟಿದೊಡನೆ ಅವನು ಮಾಯವಾದ. ಮತ್ತೆ ಅದೇ ಬಾಗಿಲಿನಿಂದ ಹೊರಗೆ ಬಂದ. ಮತ್ತೆ ಮಾಯ. ಮತ್ತೆ ಬಂದ. ಅತ್ತೆ ಮಂಚದ ಮೇಲೆ ಚಾಚಿದ್ದ ಕಾಲನ್ನು ಮಡಚಿಕೊಂಡು ಪಕ್ಕಕ್ಕೆ ಸರಿದಳು. ಕೆಲಸದಿಂದ ಬಂದವನು ಮೊದಲು ಅಲ್ಲಿ ಕೂತು, ಆಮೇಲೆ ಚಪ್ಪಲಿ ಬಿಚ್ಚುವ ಅಭ್ಯಾಸದವನು.

ಅವನು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಇವತ್ತಿನ ಸುದ್ದಿಗೂ ಅವನಿಗೂ ಏನೇನೂ ಸಂಬಂಧವಿಲ್ಲ. ಎಲ್ಲೋ ದೂರದ ಊರಲ್ಲಿ ನೆರೆ ಬಂದಿತ್ತು, ಯಾರೋ ಮುಳುಗಿದ ಅಂಗಡಿಯಿಂದ ಏನೋ ಎತ್ತಿಕೊಂಡು ಹೋಗಿದ್ದರಂತೆ. ಆ ಊರಿನ ಚಿತ್ರ ಇನ್ನೂ ಕೈಗೆ ಸಿಕ್ಕಿರಲಿಲ್ಲ, ಟೀವಿಯವರು ಇವನನ್ನು ಕರೆದರು. ಬೆಂಕಿ ಬಿದ್ದರೂ ಇವನೇ, ಕರೆಂಟು ಹೋಗಿ ಪೇಟೆಯಲ್ಲಿ ಗಲಾಟೆಯಾದರೂ ಇವನೇ. ಬದುಕಿದ್ದಾಗ ಕೂಡ ಪಾಪ ಅವನಿಗೆ ಇಷ್ಟು ಡ್ಯೂಟಿ ಇರಲಿಲ್ಲ.

ಅತ್ತೆಗೆ ಓದು ಬಾರದು. ಕಿವಿಯೂ ಹೋಗಿತ್ತು, ಪಕ್ಕದಲ್ಲಿ ಪಾತ್ರೆ ಬಿದ್ದರೆ ಮಾತ್ರ "ಯಾರದು?" ಅನ್ನುವಷ್ಟು ಉಳಿದಿತ್ತು. ಹಾಗಾಗಿ ಆ ದಪ್ಪ ಅಕ್ಷರವಾಗಲಿ, ಅದರ ಹಿಂದೆ ಗಂಟಲು ಹರಿದುಕೊಳ್ಳುವ ದನಿಯಾಗಲಿ ಅವಳನ್ನು ಮುಟ್ಟಿರಲಿಲ್ಲ. ಅವಳಿಗೆ ಮುಟ್ಟಿದ್ದು ಚಿತ್ರ ಮಾತ್ರ. ಮಗ ಹೊಗೆಯಿಂದ ಹೊರಗೆ ಬರುತ್ತಾನೆ, ಅಷ್ಟೆ. ಹಾಗಂತ ಅರಳುಮರಳು ಅಂದುಕೊಳ್ಳಬೇಡಿ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಮಗನ ಕೈ ಮುಟ್ಟಿ, "ಇವನೇ, ಈ ಬೆರಳು ಚಿಕ್ಕವನಿದ್ದಾಗ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದು" ಅಂತ ಗುರುತು ಹೇಳಿದವಳೇ ಅವಳು. ಎಲ್ಲ ಗೊತ್ತು. ಗೊತ್ತಿದ್ದೂ ಕಾಲು ಮಡಚಿಕೊಳ್ಳುತ್ತಾಳೆ. ಯಾರಿಗೇನು ನಷ್ಟ?

"ಎಷ್ಟು ಚೆನ್ನಾಗಿ ನಡೀತಾನೆ ನೋಡೇ," ಅಂದಳು ಅತ್ತೆ. "ಒಂದು ಗಾಯ ಇಲ್ಲ."

ಸೊಸೆ ಗುಂಡುಪಿನ್ನನ್ನು ಬಾಯಿಂದ ತೆಗೆದು ಹೂಂ ಅನ್ನುವ ಹಾಗೆ ತಲೆಯಾಡಿಸಿದಳು. ಅವಳಿಗೋ ಓದು ಬರುತ್ತಿತ್ತು. ಗಂಡನ ಮುಖ ನೋಡೋಣವೆಂದರೆ ಕಣ್ಣು ಮೊದಲು ಹೋಗುವುದು ಆ ಅಕ್ಷರಕ್ಕೆ. ಸಿಟ್ಟು, ನಾಚಿಕೆ, ಅವನನ್ನು ಇನ್ನೊಂದು ಸಲ ನೋಡುವ ಆಸೆ ಮೂರೂ ಒಟ್ಟಿಗೆ ಬರುತ್ತಿದ್ದವು.

ಅವನು ಬಟ್ಟೆ ಮಾರುಕಟ್ಟೆಯ ದೊಡ್ಡ ಕಟ್ಟಡದಲ್ಲಿ ಮೂಟೆ ಹೊರುತ್ತಿದ್ದ. ಎತ್ತರದ ಆಳು, ಎಲ್ಲರಿಗೂ 'ಉದ್ದಣ್ಣ'. ಬೆಂಕಿ ಹತ್ತಿದ ದಿನ ಅವನಿದ್ದದ್ದು ನೆಲಮಾಳಿಗೆಯಲ್ಲೂ ಅಲ್ಲ, ಮೇಲೂ ಅಲ್ಲ, ಬಾಗಿಲ ಪಕ್ಕದ ಗೋದಾಮಿನಲ್ಲಿ. ಎರಡು ಹೆಜ್ಜೆ ಹಾಕಿದ್ದರೆ ಬೀದಿ. ಹಾಕಲಿಲ್ಲ. ಲಿಫ್ಟು ನಡೆಸುವ ಮುದುಕ ಮೊದಲ ಮಹಡಿಯ ಮೆಟ್ಟಿಲ ಮೇಲೆ ಉಸಿರು ಸಿಕ್ಕದೆ ಕುಸಿದಿದ್ದ. ಸುತ್ತಿಟ್ಟಿದ್ದ ಪರದೆ ಬಟ್ಟೆಯ ಒಂದು ಥಾನನ್ನು ಬಿಚ್ಚಿ ನೀರಲ್ಲಿ ಅದ್ದಿ, ಮುದುಕನನ್ನು ತಲೆಯಿಂದ ಕಾಲಿನವರೆಗೂ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದ. ಆ ಗಂಟೇ ಈ ಗಂಟು. ಅವನನ್ನು ಇಳಿಸಿ ಮತ್ತೆ ಒಳಗೆ ಹೋದ. ಆಮೇಲೆ ಬರಲಿಲ್ಲ.

ಇದನ್ನೆಲ್ಲ ಬದುಕಿದ ಲಿಫ್ಟಜ್ಜನೇ ಹೇಳಿದ್ದು. ಕಂಡ ಕಂಡವರಿಗೆಲ್ಲ ಹೇಳಿದ. ಮೈಕು ಹಿಡಿದುಕೊಂಡು ಬಂದ ಚಾನೆಲ್ಲಿನ ಹುಡುಗಿಗೂ ಕೆಮ್ಮುತ್ತ ಕೆಮ್ಮುತ್ತ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, "ಬೇಗ ಹುಷಾರಾಗಿ ತಾತ" ಅಂದು ಹೋದಳು. ಟೀವಿಯಲ್ಲಿ ಬಂದದ್ದು ಕೆಂಪು ಸುತ್ತು. ಬೀದಿಯವರು ಯಾರನ್ನು ನಂಬಬೇಕು? ಕೆಮ್ಮುವ ಮುದುಕನನ್ನೋ, ಕಣ್ಣಾರೆ ಕಂಡದ್ದನ್ನೋ? ಇವರ ಮನೆಗೆ 'ಟೀವಿ ಕಳ್ಳನ ಮನೆ' ಅಂತ ಹೆಸರು ಬಿತ್ತು. ಮೇಲಿನ ಮನೆಯಾಕೆ ಮೊದಲೆಲ್ಲ ಬಾಗಿಲು ಹಾರು ಹೊಡೆದು ಬಿಡುತ್ತಿದ್ದವಳು ಈಗ ಕಸ ಹಾಕಲು ಹೋದರೂ ಚಿಲಕ ಹಾಕಿ ಹೋಗುತ್ತಿದ್ದಳು.

ನೆರೆಯ ಸುದ್ದಿ ಬಂದ ವಾರವೇ ಸೊಸೆ ಕೆಲಸ ಮಾಡುವ ಅಂಗಡಿಯಲ್ಲಿ ಒಂದು ಕತ್ತರಿ ಕಾಣೆಯಾಯಿತು. ಹೊಲಿಗೆಯವರು ಅಷ್ಟು ಜನ ಇದ್ದರು. ಮ್ಯಾನೇಜರು ನೆಟ್ಟಗೆ ಅವಳ ಹತ್ತಿರ ಬಂದ. "ಬೇಜಾರು ಮಾಡ್ಕೋಬೇಡಮ್ಮ, ಸುಮ್ಮನೆ ಒಂದು ಸಲ ಬ್ಯಾಗು ತೆಗಿ." ತೆಗೆದಳು. ಡಬ್ಬಿ, ಛತ್ರಿ, ಅತ್ತೆಯ ಮಾತ್ರೆ. ಕತ್ತರಿ ಆಮೇಲೆ ಇಸ್ತ್ರಿ ಮೇಜಿನ ಕೆಳಗೆ ಸಿಕ್ಕಿತು. ಮನೆಗೆ ಬರುವ ದಾರಿಯಲ್ಲಿ ಲಿಫ್ಟಜ್ಜನ ಕೋಣೆಯ ಬಾಗಿಲು ತಟ್ಟಿದಳು.

"ಅಜ್ಜಾ, ನಾಳೆ ನನ್ನ ಜೊತೆ ಬರ್ತೀರಾ? ಚಾನೆಲ್ಲಿಗೆ ಹೋಗ್ಬೇಕು."

"ಇಷ್ಟು ದಿನ ನಾನೇ ಯಾಕೆ ಹೋಗ್ಲಿಲ್ಲ ಅಂತ ಕೇಳು ನನ್ನನ್ನ," ಅಂದ ಅಜ್ಜ, ಆಗಲೇ ಚಪ್ಪಲಿ ಹುಡುಕುತ್ತ.

"ನಾಳೆ ಅಜ್ಜಾ, ನಾಳೆ."

ಚಾನೆಲ್ಲಿನ ಆಫೀಸಿನಲ್ಲಿ ಚಳಿ ಹಿಡಿಯುವಷ್ಟು ಎ.ಸಿ. ಗೋಡೆ ತುಂಬ ಟೀವಿಗಳು, ಎಲ್ಲದರಲ್ಲೂ ಬಾಯಿ ಆಡುತ್ತಿತ್ತು, ಒಂದರಲ್ಲೂ ಸದ್ದಿರಲಿಲ್ಲ. ಅತ್ತೆಗೆ ಟೀವಿ ಹೀಗೇ ಕಾಣುವುದಲ್ಲವೇ ಅಂತ ಅವಳಿಗೆ ಹೊಳೆಯಿತು. ಬಹಳ ಹೊತ್ತು ಕೂರಿಸಿದ ಮೇಲೆ ಸಂಪಾದಕ ಬಂದ. ಕೆಟ್ಟವನೇನಲ್ಲ, ನಿದ್ದೆಗೆಟ್ಟವನು. ಅವಳು ಹೇಳಿದ್ದನ್ನು ಕೇಳಿ ಹಣೆ ಉಜ್ಜಿಕೊಂಡ.

"ನೋಡಮ್ಮ, ಅವತ್ತು ಲೂಟಿ ಆಗಿದ್ದಂತೂ ನಿಜ. ಕಟ್ಟಡದ ಹಿಂದುಗಡೆ ಥಾನುಗಟ್ಟಲೆ ಹೊತ್ಕೊಂಡು ಹೋದ್ರು. ಆ ಕಡೆ ನಮ್ಮ ಕ್ಯಾಮರಾ ಇರ್ಲಿಲ್ಲ. ಈ ಕಡೆ ಇವರು ಸಿಕ್ಕರು."

"ಸಿಕ್ಕರು ಅಂದ್ರೆ?"

"ಚೆನ್ನಾಗಿ ಸಿಕ್ಕರು. ಎತ್ತರದ ಆಳು, ಹೆಗಲ ಮೇಲೆ ಗಂಟು, ಹಿಂದೆ ಬೆಂಕಿ. ನೋಡಿದ ತಕ್ಷಣ ಜನಕ್ಕೆ ಅರ್ಥ ಆಗುತ್ತೆ."

"ಏನು ಅರ್ಥ ಆಗುತ್ತೆ?" ಅಂತ ಲಿಫ್ಟಜ್ಜ ಎದ್ದು ನಿಂತ. ಸಿಟ್ಟಿಗೆ ಕೆಮ್ಮು ಬಂತು. "ಸ್ವಾಮೀ, ಇಲ್ಲಿ ನೋಡಿ. ಆ ಗಂಟಿನಲ್ಲಿ ಇದ್ದೋನು ನಾನು. ನಾನೇ ಆ ಲೂಟಿ ಮಾಲು! ನನ್ನನ್ನ ಯಾವ ಅಂಗಡಿಗೆ ವಾಪಸ್ ಕೊಡ್ತೀರಿ?"

ಸಂಪಾದಕನಿಗೆ ನಗು ಬಂದುಬಿಟ್ಟಿತು, ತಕ್ಷಣ ತಡೆದುಕೊಂಡ. ಆಮೇಲೆ ಅವನ ಕಣ್ಣಿನಲ್ಲಿ ಬೇರೆಯೇ ಬೆಳಕು ಕಾಣಿಸಿತು. "ಇದರ ಪೂರ್ತಿ ಶಾಟ್ ಇರುತ್ತೆ," ಅಂದ. "ಬನ್ನಿ."

ಹಳೆಯ ಚಿತ್ರಗಳನ್ನೆಲ್ಲ ಕಾಪಿಡುವ ಕೋಣೆಯಲ್ಲಿ ಕನ್ನಡಕದ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಹುಡುಕಿದಳು, ಸಿಕ್ಕಿತು. ಒತ್ತುವ ಮೊದಲು ಸೊಸೆಯ ಮುಖ ನೋಡಿದಳು. "ನೀವು ನೋಡಲೇಬೇಕಾ ಅಮ್ಮ? ಹೊರಗೆ ಕೂತಿದ್ರೂ ನಡೆಯುತ್ತೆ."

"ನೋಡ್ತೀನಿ."

ಬಾಗಿಲು, ಹೊಗೆ, ಗಂಡ. ಕೆಂಪು ಸುತ್ತಿಲ್ಲ, ಅಕ್ಷರವಿಲ್ಲ. ದಿನಾ ಮಾಯವಾಗುವ ಜಾಗಕ್ಕೆ ಬಂದ, ಅಂಚು ಮುಟ್ಟಿದ, ಮಾಯವಾಗಲಿಲ್ಲ. ಕ್ಯಾಮರಾ ಅವನ ಜೊತೆ ತಿರುಗಿತು. ಪಾದಚಾರಿ ಕಟ್ಟೆಯ ಮೇಲೆ ಗಂಟನ್ನು ಇಳಿಸಿದ, ಮಗುವನ್ನು ಮಲಗಿಸುವ ಹಾಗೆ. ಬಟ್ಟೆ ಸರಿಸಿದ. ಅಜ್ಜನ ಬೋಳು ತಲೆ ಹೊರಗೆ ಬಂತು. ಯಾರೋ ಕೊಟ್ಟ ಬಾಟಲಿಯ ನೀರನ್ನು ತಾನು ಕುಡಿಯದೆ ತಲೆಗೆ ಸುರಿದುಕೊಂಡ, ತೋಳಿನಿಂದ ಮುಖ ಒರೆಸಿಕೊಂಡ. ಊಟಕ್ಕೆ ಕೂರುವ ಮುಂಚೆ ಒರೆಸಿಕೊಳ್ಳುತ್ತಿದ್ದದ್ದು ಹೀಗೇ. ಎಷ್ಟು ಸಲ ಬೈದಿದ್ದಳು, ಟವೆಲ್ ಇರೋದು ಯಾಕೆ ಅಂತ. ಒಬ್ಬ ಅವನ ಅಂಗಿ ಹಿಡಿದು ಎಳೆದ. ಕೊಡವಿಕೊಂಡ. ಬೆನ್ನು ತಿರುಗಿಸಿದ. ಅದೇ ದಾಪುಗಾಲು. ಬಾಗಿಲು ಅವನನ್ನು ನುಂಗಿತು. ಕ್ಯಾಮರಾ ಬಾಗಿಲನ್ನೇ ನೋಡುತ್ತ ನಿಂತಿತು, ಬರೀ ಹೊಗೆ ಬಂತು. ಆಮೇಲೆ ಯಾವುದೋ ಸೈರನ್ನಿನ ಕಡೆ ತಿರುಗಿಬಿಟ್ಟಿತು.

"ತಿರುಗಿಸಬೇಡ!" ಅಂದುಬಿಟ್ಟಳು ಅವಳು, ಜೋರಾಗಿ. ಯಾರಿಗೆ ಅಂದಳೋ. ಲಿಫ್ಟಜ್ಜ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಸಂಪಾದಕ ಆಗಲೇ ಫೋನಿನಲ್ಲಿದ್ದ. ಶುಕ್ರವಾರಕ್ಕೆ ವರ್ಷ ತುಂಬುತ್ತಲ್ಲ, ಏಳು ಗಂಟೆಗೆ ವಿಶೇಷ, ಮ್ಯೂಸಿಕ್ ದೊಡ್ಡದಾಗಿರಲಿ. ಫೋನಿಟ್ಟು, "ನಿಮ್ಮ ಯಜಮಾನರನ್ನ ಊರೆಲ್ಲ ಕೈ ಮುಗಿಯೋ ಹಾಗೆ ಮಾಡ್ತೀನಿ ನೋಡಿ," ಅಂದ.

"ಕೈ ಮುಗಿಯೋದು ಬೇಡ ಸಾರ್. ಕಳ್ಳ ಅಲ್ಲ ಅಂದ್ರೆ ಸಾಕು."

"ಬರೀ ಅಷ್ಟಂದ್ರೆ ಯಾರೂ ನೋಡಲ್ಲಮ್ಮ."

ಕನ್ನಡಕದ ಹೆಂಗಸು ಮೆಲ್ಲಗೆ ಕೇಳಿದಳು: "ಹಳೇ ತುಂಡು ನಾನು ಅಳಿಸಿಬಿಡ್ತೀನಿ. ಇನ್ಮೇಲೆ ಯಾರು ಕೇಳಿದ್ರೂ ಈ ಪೂರ್ತಿ ಚಿತ್ರಾನೇ ಹೋಗುತ್ತೆ. ಬರೋದಷ್ಟೇ ಅಲ್ಲ, ಒಳಗೆ ಹೋಗೋದೂ. ಆಗಬಹುದಾ?"

ಸೊಸೆಗೆ ಮಂಚದ ಮೇಲೆ ಅತ್ತೆ ಮಡಚಿಕೊಂಡ ಕಾಲು ಕಣ್ಣಿಗೆ ಬಂತು. ಬೇಡ ಅನ್ನಲು ಬಾಯಿ ತೆಗೆದಳು. ಅಷ್ಟರಲ್ಲಿ ಎಲ್ಲರ ಮುಂದೆ ತೆರೆದ ಬ್ಯಾಗೂ ಕಣ್ಣಿಗೆ ಬಂತು, ಡಬ್ಬಿ, ಛತ್ರಿ, ಮಾತ್ರೆ. ಅವನ ಮೇಲೆ ಆ ಮಾತನ್ನು ಹಾಗೇ ಬಿಟ್ಟು ಹೇಗೆ ಬದುಕುವುದು? ಅತ್ತೆ ನೋಡದ ಹಾಗೆ ಮಾಡಿದರಾಯಿತು ಅಂದುಕೊಂಡಳು.

"ಆಗಬಹುದು," ಅಂದಳು. ಹೊರಗೆ ಬರುವಾಗ ಮಾತ್ರ ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು. ಇವತ್ತು ಯಾರಾದರೂ ತೆಗೆಸಿ ನೋಡಿದರೆ ನಿಜವಾಗಿಯೂ ಅತ್ತೆಯಿಂದ ಕದ್ದದ್ದು ಏನೋ ಸಿಕ್ಕೀತು ಅನ್ನುವ ಹಾಗೆ ಅಳುಕು.

ಶುಕ್ರವಾರ ಸಂಜೆ ಟೀವಿಯ ಪ್ಲಗ್ಗು ಕಿತ್ತು, ವೈರನ್ನು ಬೀರುವಿನ ಹಿಂದೆ ತಳ್ಳಿದಳು. "ಕೆಟ್ಟೋಗಿದೆ ಅತ್ತೆ," ಅಂತ ಕೈಸನ್ನೆ ಮಾಡಿ ಹೇಳಿದಳು. ಅತ್ತೆ ಮುಖ ಚಿಕ್ಕದು ಮಾಡಿಕೊಂಡು, "ನೆನ್ನೆ ನೆಟ್ಟಗಿತ್ತಲ್ಲೇ," ಅಂದಳು.

ಆದರೆ ಚಾನೆಲ್ಲಿನವರು ಬೆಳಗಿನಿಂದಲೇ ಡಂಗುರ ಸಾರಿದ್ದರು. ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಬಾಗಿಲು ಬಡಿದ ಸದ್ದು. ತೆಗೆದರೆ ಇಡೀ ಬೀದಿ ನಿಂತಿದೆ. ಮುಂದೆ ಮೇಲಿನ ಮನೆಯಾಕೆ, ಕಣ್ಣಲ್ಲಿ ನೀರು. "ನಮಗೇನು ಗೊತ್ತಮ್ಮ, ಟೀವಿಯವರು ಹೇಳಿದ್ದು ನಂಬಿದ್ವಿ. ಈಗಲೂ ಅವರೇ ಹೇಳ್ತಿದ್ದಾರಲ್ಲ! ಒಟ್ಟಿಗೇ ನೋಡೋಣ ಅಂತ ಬಂದ್ವಿ." ಅವಳ ಹಿಂದೆ ಅಂಗಡಿಯ ಮ್ಯಾನೇಜರು, ಕೈಯಲ್ಲಿ ಹೂವು.

"ಟೀವಿ ಕೆಟ್ಟಿದೆ," ಅಂದಳು.

"ಅಯ್ಯೋ, ಇವತ್ತೇನಾ? ನಮ್ಮ ಮನೆಯವರು ಎಲೆಕ್ಟ್ರೀಷಿಯನ್ ಇರೋದು ಯಾಕೆ? ರೀ, ನೋಡ್ರೀ ಸ್ವಲ್ಪ!"

ಆ ಪುಣ್ಯಾತ್ಮ ಬೀರುವಿನ ಹಿಂದೆ ಕೈ ಹಾಕಿ ವೈರು ಎಳೆದೇಬಿಟ್ಟ. "ಏನೂ ಆಗಿಲ್ಲ, ಬರೀ ಪ್ಲಗ್ಗು ಬಿದ್ದೋಗಿತ್ತು," ಅಂತ ನಕ್ಕ. ಬೇಡ ಅನ್ನಬೇಕಿತ್ತು. ಒಂದು ವರ್ಷ ಚಿಲಕ ಹಾಕಿಕೊಂಡ ಜನ ತಾವಾಗಿ ಹೊಸ್ತಿಲು ದಾಟಿ ಬಂದಿದ್ದರು, ಅವನ ಹೆಸರನ್ನು ಒಳ್ಳೆಯ ಬಾಯಲ್ಲಿ ಹೇಳುತ್ತಿದ್ದರು. ಅವಳು ಎಲ್ಲರಿಗೂ ಚಾಪೆ ಹಾಸಿದಳು.

ಮ್ಯೂಸಿಕ್ಕು ಕಿವಿ ಕಿತ್ತುಹೋಗುವ ಹಾಗೆ ಶುರುವಾಯಿತು. ಸುತ್ತು ಈಗಲೂ ಇತ್ತು, ಬಣ್ಣ ಮಾತ್ರ ಬಂಗಾರದ್ದು. ಅಕ್ಷರ ಇನ್ನೂ ದಪ್ಪ: 'ಸಾವನ್ನೇ ಹುಡುಕಿ ಹೋದ ವೀರ'.

"ಬಂದ!" ಅಂದಳು ಅತ್ತೆ, ಖುಷಿಯಿಂದ, ಕಾಲು ಮಡಚಿಕೊಂಡು. "ಎಲ್ಲರೂ ನೋಡ್ರೋ, ನನ್ನ ಮಗ ಬಂದ!"

ಬಂದ. ಗಂಟು ಇಳಿಸಿದ. ನೀರು ಸುರಿದುಕೊಂಡ. ಮುಖ ಒರೆಸಿಕೊಂಡ. ಅತ್ತೆಯ ಬಾಯಿ ಅರ್ಧ ತೆರೆದಿತ್ತು, ಇಷ್ಟು ಹೊತ್ತು ಅವನು ಎಂದೂ ನಿಂತಿರಲಿಲ್ಲ. ಆಮೇಲೆ ಅವನು ಬೆನ್ನು ತಿರುಗಿಸಿದ. ಒಳಗೆ ಹೋದ. ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಯಾಕೆ ಹೋದ?" ಅಂದಳು ಅತ್ತೆ.

ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಪಕ್ಕದವರ ತೋಳು ಹಿಡಿದು ಅಲ್ಲಾಡಿಸಿದಳು. "ಯಾಕೋ ಹೋದ? ಬಂದಿದ್ದನಲ್ಲ. ಯಾರಾದರೂ ಕರೀರೋ! ಇಷ್ಟು ಜನ ಇದ್ದೀರಿ, ಒಬ್ಬರಾದ್ರೂ ಕರೀರೋ!"

ಚಪ್ಪಾಳೆ ಒಬ್ಬೊಬ್ಬರದಾಗಿ ನಿಂತಿತು. ಮ್ಯಾನೇಜರು ಹೂವನ್ನು ಎಲ್ಲಿಡಬೇಕೋ ತಿಳಿಯದೆ ಹೊಲಿಗೆ ಮಷೀನಿನ ಮೇಲಿಟ್ಟ. ಮೇಲಿನ ಮನೆಯಾಕೆ ಕಣ್ಣೊರೆಸಿಕೊಂಡು, ನಾಳೆ ಬರ್ತೀನಿ ಕಣಮ್ಮ ಅಂದು ಹೊರಟಳು. ಎಲ್ಲರೂ ಹೋದರು.

ಟೀವಿಯಲ್ಲಿ ಯಾರೋ ನಗುತ್ತ ಸೋಪು ಮಾರುತ್ತಿದ್ದಳು. ಸೊಸೆ ಆರಿಸಲು ಕೈ ಚಾಚಿದಳು.

"ಆರಿಸಬೇಡ," ಅಂದಳು ಅತ್ತೆ. ದನಿಯಲ್ಲಿ ಅಳುವಿರಲಿಲ್ಲ. "ಒಳಗೆ ಹೋದೋನು ಬರಬೇಕಲ್ಲ."

ಸೊಸೆ ಕೈ ಹಿಂದಕ್ಕೆ ತೆಗೆದುಕೊಂಡಳು. ಅತ್ತೆ ಮಂಚದ ಒಂದು ತುದಿಗೆ ಸರಿದು, ಕಾಲನ್ನು ಎದೆಗೆ ಒತ್ತಿ ಮಡಚಿಕೊಂಡು, ಪರದೆಯಿಂದ ಕಣ್ಣು ಕೀಳದೆ ಕೂತಿದ್ದಳು. ಉಳಿದರ್ಧ ಮಂಚ ಖಾಲಿ. ಸೊಸೆ ಅಲ್ಲಿ ಕೂರಲಿಲ್ಲ. ನೆಲದ ಮೇಲೆ, ಮಂಚದ ಕಾಲಿಗೆ ಒರಗಿ ಕೂತು, ಅವಳೂ ನೋಡತೊಡಗಿದಳು.