ಎರಡು ಪದ್ಯ, ಒಂದು ತಕ್ಕಡಿ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನ್ನು ಊರಿನವರೆಲ್ಲ ತೂಕದಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದು ತಕ್ಕಡಿ ಪರೀಕ್ಷೆ ಮಾಡಿ, ಸರಿಯಿದ್ದರೆ ಸೀಲು ಹೊಡೆದು, ಸರಿಯಿಲ್ಲದಿದ್ದರೆ ಎತ್ತಿಕೊಂಡು ಬಂದ ಮನುಷ್ಯ. ಮಾತೂ ಹಾಗೇ: ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ. ಅಂಥವನ ಮೇಜಿಗೆ ಒಂದು ಸೋಮವಾರ ಪುರಸಭೆಯಿಂದ ಪತ್ರ ಬಂತು. "ಲಗತ್ತಿಸಿರುವ ಎರಡು ಹಳೆಯ ಪದ್ಯಗಳ ಪೈಕಿ ಯಾವುದರಲ್ಲಿ ಪ್ರೀತಿ ಹಾಗೂ ಅಗಲಿಕೆಯ ಅಂಶ ಹೆಚ್ಚಿದೆ ಎಂಬುದನ್ನು ತೂಗಿ ನೋಡಿ, ಹದಿನೈದು ದಿನದೊಳಗೆ ಪ್ರಮಾಣಪತ್ರ ನೀಡತಕ್ಕದ್ದು."

ಪತ್ರವನ್ನು ಮೂರು ಸಲ ಓದಿದ. ಆಮೇಲೆ ಸೀಲನ್ನು ಬೆಳಕಿಗೆ ಹಿಡಿದು ನೋಡಿದ. ಅಸಲಿ ಸೀಲೇ.

ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಹೊಸ ಸೇತುವೆಯ ಬಾಯಲ್ಲಿ ಒಂದು ದೊಡ್ಡ ಕಲ್ಲು ನಿಲ್ಲಿಸಿದ್ದರು. ಅದರ ಮೇಲೆ ಊರಿನ ಹಳೆಯ ಪದ್ಯವೊಂದನ್ನು ಕೆತ್ತಿಸಬೇಕು ಅಂತ ತೀರ್ಮಾನವಾಯಿತು. ಆದರೆ ಊರಲ್ಲಿ ಹಳೆಯ ಪದ್ಯಗಳು ಎರಡು. ಎರಡನ್ನೂ ಬರೆದವರು ಯಾರೋ ಗೊತ್ತಿಲ್ಲ, ಎರಡೂ ಎಲ್ಲರಿಗೂ ಬಾಯಿಪಾಠ. ಒಂದು ದೋಣಿಯ ಪದ್ಯ. ಹೆಂಡತಿ ಸತ್ತುಹೋದ ಅಂಬಿಗ ಹೇಳಿಕೊಳ್ಳುವುದು:

ಅವಳಿಲ್ಲದ ದೋಣಿ ಒಂದೆ ಕಡೆ ವಾಲಿತು,
ಅವಳಷ್ಟೆ ಭಾರದ ಕಲ್ಲೊಂದನಿಟ್ಟೆ;
ಕಲ್ಲು ಕೂತಿತು, ದೋಣಿ ನೆಟ್ಟಗಾಯಿತು,
ನಾನೊಬ್ಬನೇ ಇನ್ನೂ ವಾಲುತಿರುವೆ.

ಇನ್ನೊಂದು ಉಪ್ಪಿನ ಪದ್ಯ. ಗಂಡ ಉಪ್ಪು ತರಲು ಹೋಗಿ ಬಾರದೇ ಹೋದ ಹೆಂಗಸಿನದು:

ಉಪ್ಪು ತರಹೋದವನು ತಡವಾದನೇನೋ,
ಒಲೆಯ ಮೇಲಿನ ಎಸರು ಬತ್ತುತಲಿದೆ;
ಬಂದರೆ ಬರಲಿ, ಬಾರದಿರೆ ಇರಲಿ,
ಸಪ್ಪೆ ಊಟಕೆ ನಾಲಿಗೆ ಒಗ್ಗುತಲಿದೆ.

ದೋಣಿ ಪಕ್ಷಕ್ಕೆ ನಿವೃತ್ತ ಮೇಷ್ಟ್ರು ಮುಂದಾಳು, ಉಪ್ಪಿನ ಪಕ್ಷಕ್ಕೆ ಹಲ್ಲಿನ ಡಾಕ್ಟರಮ್ಮ. ಎರಡು ತಿಂಗಳು ಕಿತ್ತಾಡಿದರು. ಮೇಷ್ಟ್ರ ಕಡೆಯವರಿಗೆ ಹಲ್ಲುನೋವು ಬಂದರೆ ಪಕ್ಕದ ಊರಿಗೆ ಹೋಗುವ ಪರಿಸ್ಥಿತಿ ಬಂತು. ಕೊನೆಗೆ ಪುರಸಭೆ ಅಧ್ಯಕ್ಷೆ ತಲೆ ಚಚ್ಚಿಕೊಂಡು, "ತೂಗೋಕೆ ಅಂತಲೇ ಸರ್ಕಾರ ಒಂದು ಇಲಾಖೆ ಇಟ್ಟಿದೆಯಲ್ಲ, ಅವರೇ ತೂಗಲಿ," ಅಂದುಬಿಟ್ಟರು.

"ಸರ್, ಇದು ನಮ್ಮ ವ್ಯಾಪ್ತಿಗೆ ಬರುತ್ತಾ?" ಅಂತ ತೂಕದಣ್ಣ ಮೇಲಧಿಕಾರಿಯನ್ನು ಕೇಳಿದ.

ಮೇಲಧಿಕಾರಿಗೆ ವರ್ಗಾವಣೆ ಹತ್ತಿರವಿತ್ತು. "ಘನವೋ ದ್ರವವೋ ಅನ್ನೋದನ್ನ ಮೊದಲು ತೀರ್ಮಾನ ಮಾಡಿ," ಅಂದರು. "ಮಿಕ್ಕಿದ್ದು ತಾನೇ ಬರುತ್ತೆ."

ತೂಕದಣ್ಣ ಮನೆಗೆ ಬಂದು ಅಕ್ಕನಿಗೆ ಹೇಳಿದ. ಮನೆಯಲ್ಲಿ ಇದ್ದವರು ಇವರಿಬ್ಬರೇ. ಅವನ ಹೆಂಡತಿ ಎಂಟು ವರ್ಷದ ಹಿಂದೆ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿದ್ದಳು. ಅಕ್ಕನ ಗಂಡ ಹನ್ನೊಂದು ವರ್ಷದ ಹಿಂದೆ ಕೈಗಡಿಯಾರಕ್ಕೆ ಪಟ್ಟಿ ಹಾಕಿಸಿಕೊಂಡು ಬರುತ್ತೇನೆ ಅಂತ ಹೊರಟವನು ಪತ್ತೆಯೇ ಇರಲಿಲ್ಲ. ಇಬ್ಬರೂ ಒಂದೇ ಸೂರಿನಡಿ ಇದ್ದು, ಆ ವಿಷಯ ಒಂದು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಿದ್ದರು.

"ಇದರಲ್ಲಿ ತೂಗೋದೇನು ಬಂತು?" ಅಂದಳು ಅಕ್ಕ, ಸೌತೆಕಾಯಿ ಹೆಚ್ಚುತ್ತ. "ಉಪ್ಪಿನ ಪದ್ಯವೇ ಭಾರ. ಕಣ್ಣು ಮುಚ್ಚಿಕೊಂಡು ಬರೆದುಕೊಡು."

"ಅದ್ಹೇಗೆ? ಅಂಬಿಗನ ಹೆಂಡ್ತಿ ಸತ್ತೇಹೋಗಿದಾಳೆ ಅಕ್ಕ. ಇವಳ ಗಂಡ ಎಲ್ಲೋ ಬದುಕಿದಾನೆ."

"ಅದೇ ಕಣೋ ಕಷ್ಟ!" ಚಾಕು ನಿಂತಿತು. "ಸತ್ತವರಿಗೆ ಅಳಬಹುದು. ಊರೇ ಬಂದು ಜೊತೆಗೆ ಅಳುತ್ತೆ. ಬದುಕಿರೋರಿಗೆ ಅತ್ತರೆ, 'ಯಾಕಮ್ಮ ಅಪಶಕುನ' ಅಂತಾರೆ."

ತೂಕದಣ್ಣ ಕೈಕಾಲು ತೊಳೆಯಲು ಎದ್ದುಹೋದ. ಆದರೆ ಮಾರನೇ ದಿನದಿಂದ ಊಟಕ್ಕೆ ಕೂತಾಗೆಲ್ಲ ಅದೇ ಮಾತು. ಅಂಬಿಗ, ಉಪ್ಪು, ದೋಣಿ, ಎಸರು. ಇಬ್ಬರೂ ಪದ್ಯದ ಬಗ್ಗೆಯೇ ಜಗಳವಾಡುತ್ತಿದ್ದೇವೆ ಅನ್ನುವ ಹಾಗೆ ನಟಿಸುತ್ತಿದ್ದರು.

ಕೆಲಸ ಅಂದರೆ ಕೆಲಸ. ಅವನು ಮೊದಲು ಎರಡು ಪದ್ಯಗಳನ್ನೂ ಒಂದೇ ಥರದ ಹಾಳೆಯಲ್ಲಿ ಬರೆದು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟ. ಉಪ್ಪಿನದು ಕೂದಲೆಳೆಯಷ್ಟು ಭಾರ ಬಂತು. ಅದು ಶಾಯಿಯ ತೂಕ ಅಂತ ತಿಳಿದು ಬಿಟ್ಟುಬಿಟ್ಟ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಪುರಸಭೆಯ ಸಭಾಂಗಣಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ನಲವತ್ತು ಜನರನ್ನು ಕರೆಸಿದ. ಒಬ್ಬೊಬ್ಬರಿಗೂ ತೂಗಿ, ನಂಬರು ಬರೆದ ಒಂದೊಂದು ಕರವಸ್ತ್ರ ಕೊಟ್ಟ. ಇಪ್ಪತ್ತು ಜನಕ್ಕೆ ದೋಣಿ, ಇಪ್ಪತ್ತು ಜನಕ್ಕೆ ಉಪ್ಪು. ಓದಿದವನು ರೈಲ್ವೆಯಲ್ಲಿ ಗಾಡಿ ಬರುವ ಹೊತ್ತು ಕೂಗಿ ಹೇಳುವವನು. ಅವನ ದನಿಯಲ್ಲಿ ಯಾವ ಭಾವನೆಯೂ ಇಲ್ಲ ಅಂತ ಇಲಾಖೆ ಲಿಖಿತವಾಗಿ ಖಾತ್ರಿ ಮಾಡಿಕೊಂಡಿತ್ತು.

ದೋಣಿಯ ಇಪ್ಪತ್ತು ಜನ ಬಿಕ್ಕಿ ಬಿಕ್ಕಿ ಅತ್ತರು. ಕಟುಕನೊಬ್ಬ ಪಕ್ಕದವರ ಕರವಸ್ತ್ರಕ್ಕೂ ಕೈಹಾಕಿ ಅನರ್ಹನಾದ. ಅವನನ್ನು ಬಿಟ್ಟು ಒಟ್ಟು ಮೂವತ್ತೊಂದು ಗ್ರಾಂ ಕಣ್ಣೀರು. ಉಪ್ಪಿನವರು ಒಬ್ಬರೂ ಅಳಲಿಲ್ಲ. ಕರವಸ್ತ್ರ ಕೊಟ್ಟಷ್ಟೇ ತೂಕ ವಾಪಸು ಬಂತು. ಆದರೆ ಅವರು ಎದ್ದು ಹೋಗಲೂ ಇಲ್ಲ. ಮುಗೀತು, ಹೊರಡಿ ಅಂದರೂ ಕೂತೇ ಇದ್ದರು. ಮಧ್ಯಾಹ್ನ ಎರಡಾಯಿತು, ನಾಲ್ಕಾಯಿತು. ಐದು ಗಂಟೆಗೆ ಜವಾನ ಕುರ್ಚಿಗಳನ್ನು ಒಂದೊಂದಾಗಿ ಎಳೆದುಕೊಂಡ ಮೇಲೆ ಎದ್ದು ನಿಂತರು. ನಿಂತೇ ಇದ್ದರು. ಹೊಲಿಗೆ ಮೆಷಿನ್ ರಿಪೇರಿಯವನೊಬ್ಬ ಬಾಗಿಲ ಕಡೆ ನೋಡುತ್ತ, "ಇನ್ನೊಂದು ಐದು ನಿಮಿಷ ನೋಡೋಣ ಸರ್," ಅಂದ.

"ಯಾರನ್ನ ನೋಡ್ತಿದೀರಿ?"

"ಗೊತ್ತಿಲ್ಲ ಸರ್."

ತೂಕದಣ್ಣ ವರದಿಯಲ್ಲಿ ಬರೆದ: ದೋಣಿ ಪದ್ಯ, ಮೂವತ್ತೊಂದು ಗ್ರಾಂ. ಉಪ್ಪಿನ ಪದ್ಯ, ಏಳು ಗಂಟೆ. ಬರೆದು ಪೆನ್ನು ಕೆಳಗಿಟ್ಟ. ಗ್ರಾಂ ಅನ್ನು ಗಂಟೆಯ ಜೊತೆ ತೂಗುವ ತಕ್ಕಡಿ ಅವನ ಇಲಾಖೆಯಲ್ಲಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಜಗಳ ಬಾಯಿ ತೆರೆಯಿತು. ಮೂವತ್ತೊಂದು ಗ್ರಾಂ ಅಂತ ಕೇಳಿ ಅಕ್ಕ ಮೂಗು ಮುರಿದಳು.

"ಅತ್ತು ಹಗುರವಾಗಿ ಮನೆಗೆ ಹೋದರು ತಾನೇ? ನೀನೂ ಮೂರು ದಿನ ಅತ್ತೆ, ಹದಿನೈದನೇ ದಿನ ಕೆಲಸಕ್ಕೆ ಹೋದೆ. ನಾನು ಹನ್ನೊಂದು ವರ್ಷದಿಂದ ಕೆಟ್ಟ ಸುದ್ದಿ ಕೂಡ ಇಲ್ಲದೆ ಕೂತಿದೀನಿ ಕಣೋ."

ಪದ್ಯದ ಮುಸುಕು ಜಾರಿಬಿತ್ತು. ತೂಕದಣ್ಣನ ಮುಖ ಕೆಂಪಾಯಿತು. "ನಲವತ್ತೊಂಬತ್ತು ಕೆಜಿ ಮುನ್ನೂರು ಗ್ರಾಂ," ಅಂದ.

"ಏನದು?"

"ಅವಳ ತೂಕ. ಆಸ್ಪತ್ರೆಯ ತಕ್ಕಡಿ ಸರಿಯಿರಲಿಲ್ಲ ಅಕ್ಕ. ನಲವತ್ತೇಳು ತೋರಿಸ್ತಿತ್ತು. ಅವಳು ಮಲಗಿದ್ದಳು, ನಾನು ಆ ತಕ್ಕಡಿ ಜೊತೆ ಜಗಳವಾಡ್ತಿದ್ದೆ. ಮೂರು ದಿನದಲ್ಲಿ ಅರ್ಧ ದಿನ ಅದಕ್ಕೇ ಹೋಯ್ತು."

ಅಕ್ಕ ಎದ್ದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಬೇಡ ಅನ್ನಲಿಲ್ಲ.

ಅಷ್ಟರಲ್ಲಿ ಪತ್ರಿಕೆಯವರು ಇದನ್ನೆಲ್ಲ ಮೊದಲ ಪುಟದಲ್ಲಿ ಹಾಕಿದ್ದರು. ಹದಿನಾಲ್ಕನೇ ದಿನ ಬಹಿರಂಗ ವಿಚಾರಣೆ. ಸಭಾಂಗಣದಲ್ಲಿ ಎಳ್ಳು ಹಾಕಲೂ ಜಾಗವಿಲ್ಲ. ಮೇಷ್ಟ್ರು ಒಂದು ಗಂಟೆ ಮಾತಾಡಿದರು. ಡಾಕ್ಟರಮ್ಮ ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಅಧ್ಯಕ್ಷೆ ಆಕಳಿಸುತ್ತ, "ಬೇರೆ ಯಾರಾದರೂ ಸಾಕ್ಷಿ ಹೇಳೋರಿದ್ದೀರಾ?" ಅಂದಾಗ, ಹಿಂದಿನ ಸಾಲಿನಿಂದ ಒಬ್ಬ ಬೊಜ್ಜಿನ, ಬೋಳುತಲೆಯ ಮನುಷ್ಯ ಎದ್ದ.

"ನಾನಿದೀನಿ. ಪೇಪರಿನಲ್ಲಿ ಓದಿ ಬಂದೆ. ಉಪ್ಪಿನ ಪದ್ಯದ ವಿಷಯದಲ್ಲಿ ಒಂದು ತಪ್ಪು ತಿದ್ದಬೇಕಿತ್ತು. ಹೋದವನ ಕಡೆಯಿಂದ ಹೇಳ್ತೀನಿ."

ತೂಕದಣ್ಣನ ಕೈಯಲ್ಲಿದ್ದ ಕರವಸ್ತ್ರಗಳ ಕಟ್ಟು ಕೆಳಗೆ ಬಿತ್ತು. "ಭಾವ?" ಅಂದ.

ಭಾವನೇ. ಯಾರೋ ಎರಡನೇ ಸಾಲಿನಲ್ಲಿ "ಅಯ್ಯೋ" ಅಂದರು. ಅದು ಅಕ್ಕ ಅಲ್ಲ. ಅಕ್ಕ ಕಲ್ಲಿನ ಹಾಗೆ ಕೂತಿದ್ದಳು.

ಭಾವ ಗಂಟಲು ಸರಿಮಾಡಿಕೊಂಡು ಹೇಳಿದ. ಗಡಿಯಾರದ ಅಂಗಡಿಗೆ ಅಂತ ಹೊರಟವನು ತಪ್ಪು ಬಸ್ಸು ಹತ್ತಿದ್ದ. ಇಳಿದ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಅಂಗಡಿಯವರು ಅವನನ್ನು ತಮ್ಮ ಹೊಸ ಗುಮಾಸ್ತ ಅಂದುಕೊಂಡು, ಹಾರ್ದಿಕವಾಗಿ ಸ್ವಾಗತಿಸಿ, ಕುರ್ಚಿ ಕೊಟ್ಟು ಕೂರಿಸಿಬಿಟ್ಟರು. ಇಲ್ಲ ಅನ್ನಲು ಅವನಿಗೆ ನಾಲಿಗೆ ಬರಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರು ಅನ್ನುತ್ತಾರಲ್ಲ, ಹಾಗೆ. ಸಂಜೆ ಹೇಳೋಣ ಅಂದುಕೊಂಡ. ಸಂಜೆ ಬೀಗದ ಕೈ ಅವನ ಕೈಗೇ ಕೊಟ್ಟುಹೋದರು.

"ಹಾಗಾದರೆ ಮಾರನೇ ದಿನ ಬರಬಹುದಿತ್ತಲ್ಲ?" ಅಂದರು ಅಧ್ಯಕ್ಷೆ.

"ಒಂದು ದಿನ ತಡವಾದರೆ ಕಾರಣ ಹೇಳಬಹುದಮ್ಮ. ಒಂದು ವಾರ ತಡವಾದರೆ ಸುಳ್ಳು ಹೇಳಬಹುದು. ಒಂದು ವರ್ಷ ಆದಮೇಲೆ ಹೇಳೋಕೆ ಏನಿರುತ್ತೆ? ದಿನಾ ಯೋಚನೆ ಮಾಡ್ತಿದ್ದೆ. ದಿನಾ ಇನ್ನೊಂದು ದಿನ ಸೇರಿಕೊಳ್ತಿತ್ತು. ಅದಕ್ಕೇ ಹೇಳೋದು, ಆ ಪದ್ಯದ ಗಂಡ ಕೆಟ್ಟವನಲ್ಲ. ನಾಚಿಕೆ ಸ್ವಭಾವದವನು."

ಮೇಷ್ಟ್ರು ಚಂಗನೆ ಎದ್ದರು. "ಕೇಳಿದಿರಾ! ಹೋದವನು ಬಂದಾಯ್ತು. ಉಪ್ಪಿನಲ್ಲಿ ನಷ್ಟವೇ ಇಲ್ಲ! ಬರೀ ವಿಳಂಬ!" ದೋಣಿ ಪಕ್ಷದವರು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಭಾವನ ಕಡೆ ತಿರುಗಿ, "ಹನ್ನೊಂದು ವರ್ಷ ತಡೆದುಕೊಂಡಿದ್ರಿ, ಇನ್ನೊಂದು ದಿನ ತಡೆಯೋಕೆ ಆಗಲಿಲ್ವಾ?" ಅಂತ ಹಲ್ಲು ಕಡಿದರು.

ಆಗ ಅಕ್ಕ ಎದ್ದಳು. ಅವಳು ನಡೆದುಹೋಗಿ ಭಾವನ ಮುಂದೆ ನಿಂತು, ಮಾರುಕಟ್ಟೆಯಲ್ಲಿ ಹಣ್ಣು ನೋಡುವ ಹಾಗೆ ಅವನನ್ನು ಅತ್ತಿತ್ತ ಬಗ್ಗಿ ನೋಡಿದಳು.

"ಚೆನ್ನಾಗಿದೀರಾ?" ಅಂದಳು.

"ಇದೀನಿ. ಒಂದು ಕಿವಿ ಸ್ವಲ್ಪ ಮಂದ."

"ಗಡಿಯಾರದ ಪಟ್ಟಿ ಹಾಕಿಸಿದ್ರಾ?"

"ಇಲ್ಲ. ಗಡಿಯಾರವೇ ಕಳೆದುಹೋಯ್ತು."

ಅವಳ ಕಣ್ಣಿಂದ ನೀರು ದಳದಳ ಇಳಿಯಿತು. ಹನ್ನೊಂದು ವರ್ಷದಲ್ಲಿ ಯಾರೂ ನೋಡಿರದ ಅಳು. ಭಾವ ಒಂದು ಹೆಜ್ಜೆ ಮುಂದೆ ಬಂದ. ಅವಳು ಕೈ ಅಡ್ಡ ಹಿಡಿದಳು. "ನಿಮಗಲ್ಲ," ಅಂದಳು. ಆಮೇಲೆ ಸಭೆಯ ಕಡೆ ತಿರುಗಿ, "ನಾನು ಕಾಯ್ತಿದ್ದದ್ದು ಇವರನ್ನಲ್ಲ. ಅವನು ಬೇರೆ. ಅವನು ಹೊರಟ ದಿನ ಹೇಗಿದ್ದನೋ ಹಾಗೇ ಇದ್ದ, ಇವತ್ತು ಬೆಳಿಗ್ಗೆವರೆಗೂ. ಇವರು ಬಂದರು ನೋಡಿ, ಅವನು ಹೊರಟುಹೋದ."

ತೂಕದ ಇಲಾಖೆಯ ಗುಮಾಸ್ತ ಓಡಿಬಂದು ಅವಳ ಕೈಗೆ ತೂಗಿದ ಕರವಸ್ತ್ರ ತುರುಕಲು ನೋಡಿದ. ತೂಕದಣ್ಣ ಅವನ ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿ, ತನ್ನ ಜೇಬಿನಲ್ಲಿದ್ದ, ಯಾರೂ ತೂಗಿರದ, ಎರಡು ದಿನದಿಂದ ಒಗೆದೂ ಇರದ ಕರವಸ್ತ್ರವನ್ನು ಅಕ್ಕನಿಗೆ ಕೊಟ್ಟ.

"ಪ್ರಮಾಣಪತ್ರ?" ಅಂದರು ಅಧ್ಯಕ್ಷೆ.

ತೂಕದಣ್ಣ ಅಲ್ಲೇ ಮೇಜಿಗೆ ಬಗ್ಗಿ ಬರೆದುಕೊಟ್ಟ: "ವಸ್ತು: ಪದ್ಯ, ಎರಡು. ತಕ್ಕಡಿ: ಸರಿಯಿದೆ. ತೂಕ: ತೂಗಲು ಬಂದವರು ಯಾರು ಅನ್ನುವುದರ ಮೇಲೆ ಬದಲಾಗುತ್ತದೆ. ಇಂಥ ವಸ್ತುವಿಗೆ ಸೀಲು ಹೊಡೆಯಲು ಬರುವುದಿಲ್ಲ."

ಪುರಸಭೆಗೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಮೂರು ವಾರ ಚರ್ಚೆ ಮಾಡಿ, ಯಾರನ್ನೂ ಎದುರು ಹಾಕಿಕೊಳ್ಳುವ ಧೈರ್ಯವಿಲ್ಲದೆ, ಎರಡು ಪದ್ಯಗಳನ್ನೂ ಕೆತ್ತಿಸಿದರು. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಜಗಳ ಬೇಡ ಅಂತ ದೋಣಿಯದೊಂದು ಸಾಲು, ಉಪ್ಪಿನದೊಂದು ಸಾಲು. ಪರ ಊರಿನವರು ಅದನ್ನು ಒಂದೇ ಪದ್ಯ ಅಂತ ಓದಿಕೊಂಡರು: ಅವಳಿಲ್ಲದ ದೋಣಿ ಒಂದೆ ಕಡೆ ವಾಲಿತು, ಉಪ್ಪು ತರಹೋದವನು ತಡವಾದನೇನೋ. ಅವಳಷ್ಟೆ ಭಾರದ ಕಲ್ಲೊಂದನಿಟ್ಟೆ, ಒಲೆಯ ಮೇಲಿನ ಎಸರು ಬತ್ತುತಲಿದೆ. ಬಹಳ ಆಳವಾಗಿದೆ ಅಂತ ತಲೆದೂಗಿದರು. ಮೇಷ್ಟ್ರಿಗೆ ಅದನ್ನು ಕೇಳಿ ಕೇಳಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋವು ಬಂತು. ಡಾಕ್ಟರಮ್ಮನ ಹತ್ತಿರವೇ ಹೋದರು. ಅವರೂ ನೋಡಿದರು.

ಭಾವ ನಾಲ್ಕು ದಿನ ಇದ್ದ. ಅಕ್ಕ ಅವನಿಗೆ ನಡುಮನೆಯಲ್ಲಿ ಹಾಸಿಗೆ ಹಾಸಿದಳು, ಹೊತ್ತು ಹೊತ್ತಿಗೆ ಊಟ ಬಡಿಸಿದಳು, ಬಣ್ಣದ ಅಂಗಡಿಯ ಸುದ್ದಿ ಕೇಳಿದಳು. ಅಲ್ಲಿ ನೀಲಿ ಬಣ್ಣ ಯಾಕೆ ನಿಲ್ಲುವುದಿಲ್ಲ ಅಂತ ಅವನು ವಿವರಿಸಿದಾಗ ನಿಜವಾಗಿಯೂ ಕಿವಿಗೊಟ್ಟಳು. ನೆಂಟರ ಜೊತೆ ಇರುವಷ್ಟು ಚೆನ್ನಾಗಿದ್ದಳು. ಐದನೇ ದಿನ ಬೆಳಿಗ್ಗೆ ಭಾವ ತಾನೇ ಚೀಲ ಕಟ್ಟಿಕೊಂಡ. ಮೂವರೂ ಬಸ್ ನಿಲ್ದಾಣಕ್ಕೆ ಹೋದರು. ಈ ಸಲ ಸರಿಯಾದ ಬಸ್ಸೋ ಅಂತ ತೂಕದಣ್ಣ ಬೋರ್ಡನ್ನು ಎರಡು ಸಲ ಓದಿ, ಕಂಡಕ್ಟರನ್ನೂ ಕೇಳಿ ಖಾತ್ರಿ ಮಾಡಿಕೊಂಡ.

ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹೋಗಿ ಬರ್ತೀನಿ," ಅಂದ.

ಎಂಥ ಶತ್ರುವಿಗೂ ನಾವು "ಹೋಗಿ ಬನ್ನಿ" ಅನ್ನುತ್ತೇವೆ. ಬರೀ "ಹೋಗಿ" ಅನ್ನುವ ಬಾಯಿ ನಮ್ಮಲ್ಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು, ಸಿಟ್ಟಿಲ್ಲದೆ, ಮಂದ ಕಿವಿಗೂ ಕೇಳಿಸುವ ಹಾಗೆ, "ಹೋಗಿ," ಅಂದಳು.

ಬಸ್ಸು ತಿರುವು ದಾಟಿತು. ತೂಕದಣ್ಣ ಏನಾದರೂ ಹೇಳಬೇಕು ಅಂತ ತಡವರಿಸಿದ. ಅಕ್ಕ ಅವನಿಗೆ ಆ ಕಷ್ಟ ಕೊಡಲಿಲ್ಲ.

"ನಡಿಯೋ," ಅಂದಳು. "ಮೂರು ದಿನದಲ್ಲಿ ಅರ್ಧ ದಿನ ತಕ್ಕಡಿಗೆ ಹೋಯ್ತು ಅಂದೆಯಲ್ಲ. ಮಿಕ್ಕ ಎರಡೂವರೆ ದಿನ ಅವಳು ಏನೇನು ಮಾತಾಡಿದಳು, ಹೇಳು."

ತೂಕದಣ್ಣ ಶುರುಮಾಡಿದ. ಮೊದಲು ತಡೆತಡೆದು ಹೇಳಿದ, ಆಮೇಲೆ ಮಾತು ತಾನಾಗಿ ಹರಿಯಿತು. ಕಚೇರಿಯ ದಾರಿ ಎಡಕ್ಕಿತ್ತು. ಇಬ್ಬರೂ ನೇರ ನಡೆದುಹೋದರು. ಅಂದು ಊರಿನ ಯಾವ ತಕ್ಕಡಿಯ ಪರೀಕ್ಷೆಯೂ ಆಗಲಿಲ್ಲ.