ಎಪ್ಪತ್ತಾರು ಡಿಗ್ರಿ ಚಳಿ

ಮಗಳು ಹುಟ್ಟುವುದಕ್ಕೆ ಸ್ವಲ್ಪ ಮೊದಲು ಶಿವರಾಜ ಫ್ರೀಮಾಂಟಿನ ತನ್ನ ಮನೆಗೆ ಹೊಸ ಥರ್ಮೋಸ್ಟ್ಯಾಟು ತಂದ, ಮನೆಯ ಶಾಖ ಅಳೆದು ಹೀಟರು ಹೊತ್ತಿಸಿ ಆರಿಸುವ ಯಂತ್ರ. ಹಳೆಯದು ದುಂಡಗೆ ಹಿತ್ತಾಳೆ ಬಣ್ಣದ್ದು; ತಿರುಗಿಸಿದರೆ ತಿರುಗುತ್ತಿತ್ತು, ಹೀಟರು ಹೊತ್ತಿಕೊಳ್ಳುತ್ತಿತ್ತು, ಅಷ್ಟೇ. ಹೊಸದು ಬಿಳಿಯ ಚೌಕ, ಅದರೊಳಗೆ ಹಸಿರು ಬೆಳಕಿನ ಪುಟ್ಟ ಪರದೆ. ಗೋಡೆಯೊಳಗಿಂದ ಹೊರಬಂದ ವೈರುಗಳ ಬಣ್ಣಕ್ಕೂ ಪುಸ್ತಿಕೆಯ ಚಿತ್ರದ ಬಣ್ಣಕ್ಕೂ ಜನ್ಮದಲ್ಲಿ ನಂಟಿರಲಿಲ್ಲ. ಅಮೆರಿಕದ ಗೋಡೆಯೋ, ಸ್ಕ್ರೂ ತಾಗಿಸಿದರೆ ಹಪ್ಪಳದಂತೆ ಒಡೆಯುತ್ತದೆ. ಮೂರು ಕಡೆ ತೂತು ಬಿದ್ದು, ಮೈಮೇಲೆಲ್ಲ ಸುಣ್ಣ ಉದುರಿ, ಒಂದು ಶನಿವಾರ ಪೂರ್ತಿ ಅದಕ್ಕೇ ಬಲಿಯಾಯಿತು.

ಪ್ರೋಗ್ರಾಮು ಹಾಕುವುದು ಇನ್ನೊಂದು ಹಿಂಸೆ. ಆ ಯಂತ್ರಕ್ಕೆ ದಿನವೆಂದರೆ ನಾಲ್ಕು ಹೊತ್ತು: ಏಳುವುದು, ಹೊರಡುವುದು, ಮರಳುವುದು, ಮಲಗುವುದು. ವಾರದ ದಿನಗಳಿಗೊಂದು ಲೆಕ್ಕ, ಶನಿವಾರ ಭಾನುವಾರಕ್ಕೆ ಬೇರೊಂದು. ಒಂದು ಗುಂಡಿಯನ್ನು ಚೂರು ಹೆಚ್ಚು ಹೊತ್ತು ಒತ್ತಿದರೆ ಮೊದಲಿಂದ ಶುರು. ಬೆಳಿಗ್ಗೆಯ ಏಳನ್ನು ಸಂಜೆಯ ಏಳೆಂದು ತಿಳಿದುಕೊಂಡು ಅದು ಅವನನ್ನು ಎರಡು ಸಲ ಗೋಳಾಡಿಸಿತು. ಮರಳುವ ಹೊತ್ತಿಗೆ ಅವನು ಸಂಜೆ ಆರು ಎಂದು ತುಂಬಿದ. ಆ ವರ್ಷ ಆರಕ್ಕೆ ಮನೆ ಸೇರಿದ್ದು ಯಾವತ್ತೆಂದು ಕೇಳಿದ್ದರೆ ಅವನಿಗೆ ನೆನಪಾಗುತ್ತಿರಲಿಲ್ಲ.

ಕೂಸು ಹುಟ್ಟಿತು. ಹೆಂಡತಿ ಐಶ್ವರ್ಯಾಳ ತಾಯಿ ನೀಲಾಬಾಯಿ ಬಾಣಂತನಕ್ಕೆಂದು ಗದಗದಿಂದ ಬಂದರು. ಸೂಟ್‌ಕೇಸಿನ ತುಂಬ ಬಾಣಂತಿಯ ಉಂಡೆಗೆ ಬೇಕಾದ ಅಳವಿ, ಅಂಟು, ಒಣಖೊಬ್ಬರಿ, ಮತ್ತೆ ಸೀರೆಯ ಮಡಿಕೆಯೊಳಗೆ ಒಂದು ಹಿತ್ತಾಳೆಯ ದೀಪ. ಅಳಿಯನ ಎದುರು ಅವರು ನೇರವಾಗಿ ಮಾತಾಡುವವರಲ್ಲ. ಅವನು ಬಂದರೆ ಸೆರಗು ತಲೆಯ ಮೇಲೆ ಬರುತ್ತಿತ್ತು. ಹೇಳಬೇಕಾದದ್ದನ್ನು ತೊಡೆಯ ಮೇಲಿನ ಕೂಸಿಗೆ ಹೇಳುತ್ತಿದ್ದರು. ಶಿವರಾಜನೂ ಮೊದಲೇ ಮಾತು ಕಡಿಮೆಯವನು. ಮನೆಯಲ್ಲಿ ಇಬ್ಬರ ನಡುವೆ ಒಂದು ಮೌನ ಹೊಸ್ತಿಲಿನಂತೆ ಬಿದ್ದುಕೊಂಡಿತ್ತು. ಇಬ್ಬರೂ ಅದನ್ನು ಎಡವದೆ ದಾಟುತ್ತಿದ್ದರು.

ಆಸ್ಪತ್ರೆಯಿಂದ ಬಂದ ದಿನ ನೀಲಾಬಾಯಿ ಕೂಸಿನ ಕೋಣೆಯಲ್ಲಿ, ಕಾರ್ಪೆಟ್ಟಿನ ಮೇಲೇ, ದೀಪ ಹಚ್ಚಿಟ್ಟರು. ಜೊತೆಗೊಂದಿಷ್ಟು ಲೋಬಾನದ ಹೊಗೆ. ಸೂರಿನ ಅಲಾರ್ಮು ಕಿವಿ ಹರಿಯುವಂತೆ ಕಿರುಚಿತು, ಕೂಸು ಅದಕ್ಕಿಂತ ಮೇಲೆ ಕಿರುಚಿತು. ಕುರ್ಚಿ ಹತ್ತಿ ಅಲಾರ್ಮಿನ ಬಾಯಿ ಮುಚ್ಚಿಸಿದ ಶಿವರಾಜ, ಇಳಿಯುವ ಮೊದಲೇ ಹೆಂಡತಿಗೆ ಗದರಿದ:

"ಇದು ಕಟ್ಟಿಗಿ ಮನಿ, ಬೆಂಕಿಪೊಟ್ಟಣ ಉರಿದಂಗ ಉರೀತದ. ಈ ಮನ್ಯಾಗ ದೀಪ ಗೀಪ ಬ್ಯಾಡ ಅಂತ ನಿಮ್ಮವ್ವಗ ಹೇಳು."

ನಿಮ್ಮವ್ವ ಅಲ್ಲೇ ನಿಂತಿದ್ದರು. ದೀಪ ಎತ್ತಿಕೊಂಡು ಹೋದರು. ಆ ಮಾತು ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ.

ಆಮೇಲೆ ಚಳಿ ಶುರುವಾಯಿತು.

"ಇವತ್ತೂ ದಿನಾಪೂರ್ತಿ ಥಂಡಿ," ಎಂದಳು ಐಶ್ವರ್ಯಾ, ಅವನು ಆಫೀಸಿನ ಬ್ಯಾಗು ಇಳಿಸುವ ಮೊದಲೇ. ಕಿವಿಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿಕೊಂಡಿದ್ದಳು. "ಕೂಸಿನ ಕೈ ಐಸ್ ಆಗಿದ್ವು. ಮೂಗು ಬ್ಯಾರೆ ಕಟ್ಟೇತಿ."

ಹೊರಡುವ ಹೊತ್ತಿಗೆ ಶಾಖ ಇಳಿಯುವಂತೆ ತಾನೇ ಪ್ರೋಗ್ರಾಮು ಹಾಕಿದ್ದು ಅವನಿಗೆ ನೆನಪಾಯಿತು. ತಪ್ಪು ತನ್ನದೇ, ಹಗಲು ಮನೆಯಲ್ಲಿ ಯಾರೂ ಇರದಿದ್ದಾಗಿನ ಲೆಕ್ಕ ಅದು. ಕೂತು ನಾಲ್ಕೂ ಹೊತ್ತಿಗೆ ಎಪ್ಪತ್ತನಾಲ್ಕು ತುಂಬಿದ. ಫ್ಯಾರನ್‌ಹೀಟಿನಲ್ಲಿ ಎಪ್ಪತ್ತನಾಲ್ಕೆಂದರೆ ಅಂಗಿಯ ಮೇಲೆ ಸ್ವೆಟರು ಬೇಡದಷ್ಟು ಬೆಚ್ಚಗೆ. ಕರೆಂಟಿಗೂ ಗ್ಯಾಸಿಗೂ ಹಾಹಾಕಾರವಿದ್ದ ಆ ಚಳಿಗಾಲದಲ್ಲಿ ಬೇ ಏರಿಯಾದ ಬುದ್ಧಿವಂತರಾರೂ ಅಷ್ಟು ಇಡುತ್ತಿರಲಿಲ್ಲ.

ಮರುದಿನವೂ ಅದೇ ದೂರು.

"ನಂಬರ್ ಎಷ್ಟ್ ತೋರಸ್ತಿತ್ತು?"

"ಎಪ್ಪತ್ತಾರು."

"ಎಪ್ಪತ್ತಾರಕ್ಕ ಚಳಿ? ಅಷ್ಟಕ್ಕ ನಿಮ್ಮ ಗದಗದಾಗ ಫ್ಯಾನ್ ಹಚ್ಚತಾರ!"

"ಹಂಗಾರ ನಾ ಸುಳ್ಳ ಹೇಳಾಕತ್ತೀನೇನು?"

"ಸುಳ್ಳಂತ ಯಾರಂದ್ರು? ಬಾಣಂತಿ ಮೈ, ನಿಶ್ಶಕ್ತಿ..."

"ಮೂಗು ಕಟ್ಟಿದ್ದು ನನಗಲ್ಲ, ಕೂಸಿಗೆ."

ಒಳಗಿನಿಂದ ಕೂಸಿಗೆ ಹೇಳುವ ನೀಲಾಬಾಯಿಯ ದನಿ ತೇಲಿಬಂತು. "ನಿಮ್ಮಪ್ಪಾರು ದೊಡ್ಡ ಇಂಜಿನಿಯರ್ ಅದಾರವ್ವಾ ತಂಗಿ. ಕಂಪ್ಯೂಟರಿಗೆ ಜಡ್ಡಾದ್ರ ಔಷಧ ಕೊಡ್ತಾರ. ನಿನಗ ಥಂಡಿ ಆದ್ರ ಗೋಡಿಗೆ ಬಟನ್ ಒತ್ತತಾರ."

ಅವನು ಹಲ್ಲು ಕಚ್ಚಿದ. ಯಾಕೆಂದರೆ ಅವನು ಇದ್ದಾಗೆಲ್ಲ ಮನೆ ಹಪ್ಪಳ ಹುರಿಯುವಷ್ಟು ಬಿಸಿಯಾಗುತ್ತಿತ್ತು. ಸಂಜೆ ಹೊರಗಿನ ಚಳಿಯಿಂದ ಬಂದವನಿಗೆ ಒಳಗಿನದು ತಿಳಿಯುವ ಮೊದಲೇ, ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಹೀಟರು ತಾನಾಗಿ ಹೊತ್ತಿ, ಗಾಳಿ ಕಿಂಡಿಗಳಿಂದ ನುಗ್ಗುತ್ತಿತ್ತು. ಪರದೆ ಎಪ್ಪತ್ತನಾಲ್ಕು ತೋರಿಸಿದಾಗ, ಪಕ್ಕ ಹಿಡಿದ ಬೇರೆ ಥರ್ಮಾಮೀಟರೂ ಎಪ್ಪತ್ತನಾಲ್ಕೇ ಅನ್ನುತ್ತಿತ್ತು. ಶನಿವಾರ, ಭಾನುವಾರ ಅವನು ಮನೆಯಲ್ಲಿ ಕೂತು ಕಾದ, ಏನೂ ತಪ್ಪಲಿಲ್ಲ. ಸೋಮವಾರ ಅವನು ಹೊರಗೆ ಕಾಲಿಟ್ಟದ್ದೇ ತಡ, ಮನೆ ಮತ್ತೆ ತಣ್ಣಗೆ.

ವಾರದ ದಿನಗಳ ಪ್ರೋಗ್ರಾಮಿನಲ್ಲೇ ದೋಷ ಎಂದುಕೊಂಡ. ಅಳಿಸಿ ಬರೆದ. ಬ್ಯಾಟರಿ ಬದಲಿಸಿದ. ಗೋಡೆಯಿಂದ ಕಿತ್ತು, ವೈರು ಕೆರೆದು, ಮತ್ತೆ ಕೂರಿಸಿದ. ಕೊನೆಗೆ ಆ ಯಂತ್ರವನ್ನೇ ಅಂಗಡಿಗೆ ಒಯ್ದು ಬೇರೆಯದು ತಂದ; ಅದೂ ಮೊದಲಿನದರ ಅವಳಿಯಂತೆ ನಡೆದುಕೊಂಡಿತು. ಒಂದು ರಾತ್ರಿ ಮನೆಯಿಂದ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿ, ಅರ್ಧ ಊಟದ ಹೊತ್ತು ಕಾಯುತ್ತ ಪಿಯಾನೋ ಕೇಳಿದ. ಆಮೇಲೆ ಸಿಕ್ಕ ಹೆಣ್ಣುಮಗಳು ಬರೆದಿಟ್ಟದ್ದನ್ನು ಓದುವವಳಂತೆ ಒಂದೊಂದೇ ಕೇಳಿದಳು: ಅದರ ಮೇಲೆ ಬಿಸಿಲು ಬೀಳುತ್ತದೆಯೆ? ಇಲ್ಲ. ಹತ್ತಿರ ಟೀವಿ ಇದೆಯೆ, ದೀಪ ಇದೆಯೆ? ಇಲ್ಲ, ಇಲ್ಲ, ಏನೂ ಇಲ್ಲ. ಕೆಳಗೊಂದು ಫೋನಿಡುವ ಶೆಲ್ಫಿದೆ, ಅದರ ಮೇಲೆ ನಿಮ್ಮ ಪುಸ್ತಿಕೆ ಇದೆ. ಹಾಗಾದರೆ ಸರಿಯಾಗಿದೆ ಸರ್, ಎಂದಳು ಅವಳು. ಪುಸ್ತಿಕೆಯ ರಟ್ಟಿನ ಮೇಲೆ ಉಂಗುರದಂಥ ಎಣ್ಣೆಯ ಕಲೆಯಿತ್ತು. ಬಾಣಂತಿಯ ಮನೆಯಲ್ಲಿ ಎಣ್ಣೆ ತಾಗದ ವಸ್ತು ಯಾವುದಿದೆ ಎಂದು ಅವನು ಅದನ್ನು ಅಂಗಿಗೆ ಒರೆಸಿಟ್ಟ.

ಆಫೀಸಿನಲ್ಲಿ ಶಿವರಾಜನ ಕೆಲಸವೇ ಇದು. ಗಿರಾಕಿಗಳು ದೂರು ಕಳಿಸುತ್ತಾರೆ; ತನ್ನ ಮೇಜಿನ ಮೇಲೆ ಆ ತಪ್ಪು ಮರುಕಳಿಸದಿದ್ದರೆ 'ಇಲ್ಲಿ ಕಾಣಲಿಲ್ಲ' ಎಂದು ಬರೆದು ಮುಚ್ಚುತ್ತಾನೆ. ಮುಚ್ಚಿದ ಮೇಲೆ ಆ ದೂರಿನವರು ಏನಾದರೆಂದು ಅವನು ಯೋಚಿಸಿದ್ದಿಲ್ಲ. ಈಗ ರಾತ್ರಿಯ ಊಟಕ್ಕೆ ಕೂತರೆ ದೂರಿನವಳು ಎದುರಿಗೇ ಕೂತಿರುತ್ತಾಳೆ, ರೊಟ್ಟಿ ಮುರಿಯುತ್ತಾಳೆ. ಅವಳ ದೂರನ್ನು ಮುಚ್ಚಲು ಯಾವ ಗುಂಡಿಯೂ ಇರಲಿಲ್ಲ.

ಆ ಬುಧವಾರ ಹೇವರ್ಡ್‌ನಿಂದ ಸಿದ್ರಾಮಪ್ಪನ ಫೋನು. ಐಶ್ವರ್ಯಾಳ ದೂರದ ಕಾಕಾ; ಎಷ್ಟೋ ವರ್ಷದಿಂದ ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿದ್ದ.

"ಏನಪಾ ಶಿವರಾಜ, ಲಕ್ಷಗಟ್ಟಲೆ ಸುರಿದು ಮನಿ ತಗೊಂಡಿ, ಒಳಗ ಹಿಮಾಲಯ ಇಟ್ಟಿಯಂತ?"

"ಹಂಗೇನಿಲ್ಲ ಕಾಕಾ. ಇವ್ರು ಸುಮ್ನ..."

"ನಮ್ಮ ಮನಿ ಹೀಟರು ಮುದುಕಾಗೇತಿ, ಆದ್ರ ನನ್ನಂಗ ಗಟ್ಟಿ. ಐಶು ಎಲ್ಲಾ ಹೇಳ್ಯಾಳ. ಶನಿವಾರ ವ್ಯಾನ್ ತಗೊಂಡು ಬರ್ತೀನಿ. ತಾಯಿ, ಮಗಳು, ಕೂಸು, ಮೂರೂ ಮಂದಿ ಬಾಣಂತನ ಮುಗಿಯೋತನಕ ನಮ್ಮಲ್ಲೇ ಇರ್ಲಿ. ನೀ ಇಲ್ಲೇ ಬಂದು ನೋಡ್ಕೊಂಡು ಹೋಗು."

ಅವನು ಫೋನಿಟ್ಟು ಹೆಂಡತಿಯ ಮುಖ ನೋಡಿದ.

"ಶನಿವಾರದೊಳಗ ಹಗಲೊತ್ತು ಮನಿ ಬೆಚ್ಚಗಾದ್ರ ಇರ್ತೀವಿ," ಎಂದಳು ಐಶ್ವರ್ಯಾ. "ಇಲ್ಲಂದ್ರ ಕಾಕಾನ ಮನಿಗೆ ಹೋಗ್ತೀವಿ. ಸಿಟ್ಟಿಲ್ಲ ನನಗ. ಕೂಸು ಉಸಿರಾಡೂಮುಂದ ಗೊರಗೊರ ಅಂತೈತಿ, ಅಷ್ಟ."

ಸಿಟ್ಟಿಲ್ಲವೆಂದದ್ದೇ ಅವನಿಗೆ ಹೆಚ್ಚು ನಾಟಿತು. ಮಗಳು ಇನ್ನೂ ಅವನ ಮುಖ ನೋಡಿ ನಗಲೂ ಕಲಿತಿರಲಿಲ್ಲ. ಅಷ್ಟರಲ್ಲಿ ಅವಳನ್ನು ನೋಡಲು ನೆಂಟನ ಮನೆಯ ಕದ ತಟ್ಟಬೇಕು! ತಾನು ಕೊಂಡ ಮನೆ, ತಾನು ಕೂರಿಸಿದ ಯಂತ್ರ. ಅದರೊಳಗೆ ತನ್ನ ಕೂಸೇ ಇರಲಾರದು.

ಮರುದಿನ ಮಧ್ಯಾಹ್ನ ಮಿಲ್ಪಿಟಾಸಿನ ಅವನ ಆಫೀಸಿನಲ್ಲಿ ಕರೆಂಟು ಹೋಯಿತು. ಆ ಜನವರಿ ಸರದಿಯ ಮೇಲೆ ಊರೂರಿಗೆ ಕರೆಂಟು ತೆಗೆಯುತ್ತಿದ್ದ ಕಾಲ. ಕತ್ತಲಾದ ಮಾನಿಟರುಗಳ ನಡುವೆ ಜನ ನಗುತ್ತ ಎದ್ದರು: ಕ್ಯಾಲಿಫೋರ್ನಿಯಾವೂ ಕರ್ನಾಟಕವಾಯಿತಲ್ಲ ಎಂದು ಯಾರೋ ಅಂದರು. ಶಿವರಾಜ ನಗದೆ ಕಾರು ತೆಗೆದ. ಫ್ರೀವೇ ಹಗಲಿನಲ್ಲಿ ಹೀಗೆ ಖಾಲಿಯಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಕರೆಂಟು ಬಂದರೆ ಮರಳಿ ಹೋಗಬೇಕಾದೀತೆಂದು ಗ್ಯಾರೇಜು ತೆಗೆಯದೆ, ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಮುಂಬಾಗಿಲ ಬೀಗ ತೆಗೆದ.

ಒಳಗೆ ಕಾಲಿಟ್ಟರೆ ಚಳಿ.

ಅವಳು ಹೇಳಿದ್ದ ಚಳಿಯೇ, ಹೆಚ್ಚಿಲ್ಲ, ಕಡಿಮೆಯಿಲ್ಲ. ಬೂಟು ಬಿಚ್ಚಿದ ಪಾದಕ್ಕೆ ನೆಲ ಕಚ್ಚಿತು. ತನ್ನ ಉಸಿರು ತನಗೇ ಬೆಚ್ಚಗೆನಿಸಿತು. ಇಲ್ಲಿ ಕರೆಂಟು ಇತ್ತು, ಆದರೂ ಹೀಟರು ಸದ್ದಿಲ್ಲ. ಕೋಣೆಯ ಬಾಗಿಲು ಅರೆತೆರೆದಿತ್ತು. ಕಂಬಳಿಯ ಗುಡ್ಡೆಯ ಕೆಳಗೆ ಐಶ್ವರ್ಯಾ, ಅವಳ ಎದೆಗೆ ಒತ್ತಿಕೊಂಡು ಕೂಸು. ಅವನು ಕೋಪದಿಂದ ಥರ್ಮೋಸ್ಟ್ಯಾಟಿನತ್ತ ತಿರುಗಿದ.

ಪರದೆಯ ಮೇಲೆ ಎಪ್ಪತ್ತಾರು. ಅದರ ಕೆಳಗೆ, ಒಂದು ಗೇಣು ಕೆಳಗೆ, ಫೋನಿನ ಶೆಲ್ಫಿನ ಮೇಲೆ ಹಿತ್ತಾಳೆಯ ದೀಪ. ದಪ್ಪ ಬತ್ತಿ, ಅಲುಗದೆ ನಿಂತ ಜ್ವಾಲೆ, ಅದರ ಬಿಸಿ ನೆಟ್ಟಗೆ ಆ ಬಿಳಿಯ ಚೌಕಕ್ಕೆ ಏರುತ್ತಿತ್ತು. ಮನೆಯೆಲ್ಲ ನಡುಗುತ್ತಿದ್ದರೂ ಯಂತ್ರ ಮಾತ್ರ ಬೆಂಕಿಯ ಮುಂದೆ ಕೂತ ಮುದುಕನಂತೆ ಸುಖವಾಗಿತ್ತು.

ಅವನಿಗೆ ಎಲ್ಲ ಒಮ್ಮೆಗೇ ತಿಳಿಯಿತು. ಸಂಜೆಗಳು, ಶನಿವಾರಗಳು, ಎಣ್ಣೆಯ ಉಂಗುರ. ಒಂದು ಗೆಲುವು ನುಗ್ಗಿ ಬಂತು: ಸಿಕ್ಕಿತು, ತಪ್ಪು ನನ್ನದಲ್ಲ, ನನ್ನ ಯಂತ್ರದ್ದೂ ಅಲ್ಲ! ಆ ಕೂಗು ಬಾಯಿಗೆ ಬರುವಷ್ಟರಲ್ಲಿ ನೀಲಾಬಾಯಿ ಅಡುಗೆಮನೆಯಿಂದ ಹೊರಬಂದರು. ಅವನನ್ನು ಕಂಡು ಬೆಚ್ಚಿದರು. ಸೆರಗು ಎಳೆಯುವುದೋ ದೀಪ ಎತ್ತುವುದೋ ತಿಳಿಯದೆ ಎರಡನ್ನೂ ಮಾಡಹೋಗಿ, ಬರಿಗೈಯಿಂದ ಕಾದ ದೀಪವನ್ನೇ ಹಿಡಿದರು. ಹಿಡಿದದ್ದನ್ನು ಬಿಡಲಿಲ್ಲ. ಉರಿಯುವ ದೀಪ ಕೈಬಿಟ್ಟರೆ ಕೂಸಿನ ಮನೆಗೆ ಕೇಡು ಎಂಬಂತೆ ಹಲ್ಲು ಕಚ್ಚಿ ನಿಂತರು.

"ಇಡ್ರಿ, ಇಡ್ರಿ, ಕೈ ಸುಡತದ!"

ಅವನು ತನ್ನ ಜಾಕೆಟ್ಟಿನ ತೋಳಿನಿಂದ ದೀಪ ಹಿಡಿದು ಇಸಿದುಕೊಂಡ. ಆ ಮನೆಯಲ್ಲಿ ಅವನು ಅತ್ತೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ಗದ್ದಲಕ್ಕೆ ಐಶ್ವರ್ಯಾ ಎದ್ದು ಬಾಗಿಲಲ್ಲಿ ನಿಂತಳು. ಅವನು ದೀಪವನ್ನು, ಪರದೆಯನ್ನು ತೋರಿಸಿದ. ಅವಳು ಎರಡನ್ನೂ ನೋಡಿ, ಹಣೆ ಬಡಿದುಕೊಂಡಳು.

"ಅಯ್ಯ ಶಿವನ! ದಿನಾ ನೋಡೀನಿ, ನನಗೂ ಹೊಳೀಲಿಲ್ಲ ನೋಡು."

"ಎಷ್ಟ್ ದಿನದಿಂದ?"

"ನೀ ಬ್ಯಾಡ ಅಂದ ಮರುದಿನದಿಂದ. ಎಳೀ ಕೂಸಿನ ಮನ್ಯಾಗ ದೀಪ ಇರದಿದ್ರ ಅವ್ವಗ ತಡಿಯೂದಿಲ್ಲ. ಅಲ್ಲಿಟ್ರ ಕೋಣಿಗೆ ಬೆಳಕು ಕಾಣತದ, ಕಿಟಕಿ ಪರದಿ ಹತ್ರ ಇಲ್ಲ, ಅಲಾರ್ಮೂ ಹೊಡ್ಕೊಳ್ಳೂದಿಲ್ಲ. ಗ್ಯಾರೇಜಿನ ಸಪ್ಪಳ ಕೇಳಿದ್ರ ಸಾಕು, ಅಡಿಗಿಮನ್ಯಾಗ ಕುಕ್ಕರ್ ಹಿಂದ ಮುಚ್ಚಿಡ್ತಾಳ. ಶನಿವಾರ, ಐತವಾರ ಅಲ್ಲೇ."

"ನನಗ್ಯಾಕ ಹೇಳಲಿಲ್ಲ?"

"ನೀ ಆ ಡಬ್ಬಿಗೆ ಎಷ್ಟ್ ಪ್ರಶ್ನಿ ಕೇಳಿದಿ, ಆ ಫೋನಿನಾಕಿಗೆ ಎಷ್ಟ್ ಕೇಳಿದಿ. ನಮ್ಮವ್ವಗ ಒಂದರ ಕೇಳಿದಿ?"

ಅವನ ಗೆಲುವು ಅಲ್ಲೇ ಮುಗಿಯಿತು. ಕೈಯಲ್ಲಿ ದೀಪ ಹಿಡಿದು ನಿಂತಿದ್ದ, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಕೂಸಿನ ಕೋಣೆಗೇ ಹೋದ. ಬೀರುವಿನ ಮೇಲಿದ್ದ ಡೈಪರಿನ ಕಟ್ಟುಗಳನ್ನು ಸರಿಸಿ, ಸ್ಟೀಲಿನ ಪರಾತವಿಟ್ಟು, ನಡುವೆ ದೀಪ ಇಟ್ಟ. ಕಿಟಕಿಯ ಪರದೆಯನ್ನು ಗಂಟು ಹಾಕಿ ದೂರ ಕಟ್ಟಿದ. ಲೋಬಾನವಿಲ್ಲದ ಬರಿಯ ಜ್ವಾಲೆಗೆ ಅಲಾರ್ಮು ಸುಮ್ಮನಿತ್ತು. ಹೊರಗೆ ಥರ್ಮೋಸ್ಟ್ಯಾಟಿನ ಎಪ್ಪತ್ತಾರು ಎಪ್ಪತ್ತೈದಾಯಿತು, ಎಪ್ಪತ್ತಮೂರಕ್ಕಿಳಿಯಿತು. ಗೋಡೆಯೊಳಗೆ ಏನೋ ಟಿಕ್ಕೆಂದಿತು. ಹೀಟರು ದೊಡ್ಡ ಪ್ರಾಣಿಯಂತೆ ಉಸಿರು ಬಿಟ್ಟಿತು.

ನೀಲಾಬಾಯಿ ಸುಟ್ಟ ಬೆರಳನ್ನು ಹಾಲಿನ ಬಟ್ಟಲಲ್ಲಿ ಅದ್ದಿಕೊಂಡು, ಕೂಸನ್ನು ತೊಡೆಗೆ ಹಾಕಿಕೊಂಡು ಕೂತಿದ್ದರು. ಅವನು ಅವರ ಎದುರು ನೆಲದ ಮೇಲೆ ಕೂತ. ನೇರ ಮಾತು ಮತ್ತೆ ಬಾಯಿಗೆ ಬರಲಿಲ್ಲ.

"ತಂಗಿ," ಎಂದ ಕೂಸಿಗೆ, "ನಿಮ್ಮಜ್ಜಿಗೆ ಇಲ್ಲೇ ಇರ್ರಿ ಅಂತ ಹೇಳವಾ. ದೀಪ ಎಲ್ಲಿ ಬೇಕೋ ಅಲ್ಲಿ ಇರಲಿ."

ಕೂಸು ಆಕಳಿಸಿತು. ನೀಲಾಬಾಯಿ ಅದರ ಮೂಗು ಒರೆಸಿದರು. ಬಹಳ ಹೊತ್ತು ಒರೆಸಿದರು.

"ಸಿದ್ರಾಮಪ್ಪ ಬರ್ಲಿ ಅನ್ನವ್ವಾ ನಿಮ್ಮಪ್ಪಾರಿಗೆ. ಊಟ ಮಾಡ್ಕೊಂಡು, ಖಾಲಿ ವ್ಯಾನ್ ತಗೊಂಡು ಹೋಗ್ಲಿ."

ಶಿವರಾಜ ಎಣ್ಣೆ ಕುಡಿದ ಪುಸ್ತಿಕೆ ತಂದು, ಗೋಡೆಯ ಮುಂದೆ ನಿಂತ. ಎಲ್ಲವನ್ನೂ ಅಳಿಸಿದ. ಈಗ ಕೇಳಿಯೇ ತುಂಬಬೇಕೆಂದು, ಬೆನ್ನು ತಿರುಗಿಸಿಕೊಂಡೇ ಕೇಳಿದ: "ಕೂಸು ಎಷ್ಟೊತ್ತಿಗೆ ಏಳತದ?"

"ಅದಕ್ಕ ಮನಸ್ಸು ಬಂದಾಗ," ಎಂದರು ನೀಲಾಬಾಯಿ.

"ಮಲಗೂದು?"

"ನಾವೆಲ್ಲಾ ಎದ್ದಾಗ."

ಐಶ್ವರ್ಯಾ ಎಷ್ಟೋ ದಿನದ ಮೇಲೆ ನಕ್ಕಳು. ಅವನಿಗೆ ನಗು ಬರಲಿಲ್ಲ. ಆ ಉತ್ತರಗಳನ್ನು ಒಪ್ಪುವ ಗುಂಡಿ ಆ ಯಂತ್ರದಲ್ಲಿರಲಿಲ್ಲ. ಎರಡು ಹೊತ್ತಿಗೂ ತೋಚಿದ ಅಂಕಿ ಒತ್ತಿದ. ಹೊರಡುವ ಹೊತ್ತನ್ನು ಖಾಲಿ ಬಿಟ್ಟ. ಮರಳುವ ಹೊತ್ತು ಮಿನುಗತೊಡಗಿತು. ಅಭ್ಯಾಸದ ಬೆರಳು ಆರರ ಕಡೆ ಸರಿಯಿತು.

"ಮತ್ತ ನೀವು?" ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಈ ಸಲ ಅದು ಕೂಸಿನ ಮೂಲಕ ಬಂದದ್ದಲ್ಲ. "ನೀವು ಎಷ್ಟೊತ್ತಿಗೆ ಬರ್ತೀರಿ?"

ಅವನು ತಿರುಗಿ ನೋಡಿದ. ನೀಲಾಬಾಯಿ ಅವನನ್ನೇ ನೋಡುತ್ತಿದ್ದರು, ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ನಿಜವಾದ ಅಂಕಿಯನ್ನು ಅವನು ಯಂತ್ರಕ್ಕೂ ಹೇಳಿರಲಿಲ್ಲ, ಅವರಿಗೂ ಹೇಳಲಾರ. ಬೆರಳು ಗುಂಡಿಯ ಮೇಲೇ ನಿಂತಿತು. ಬಿಸಿಗಾಳಿ ಕಾಲಿಗೆ ತಾಗುತ್ತಿತ್ತು. ಹಸಿರು ಪರದೆ ಮಿನುಗುತ್ತ ಮಿನುಗುತ್ತ ಕಾದು, ಉತ್ತರ ಸಿಗದೆ ಆರಿಹೋಯಿತು. ಅವನು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.