ಕೆಂಚಪ್ಪನ ಹೋಟೆಲಿನ ಕ್ಯಾಸೆಟ್ಟು

ಸಿನಿಮಾ ರಾಗಕ್ಕೆ ಹೋರಾಟದ ಮಾತು ಕೂರಿಸುವ ಉಪಾಯ ದೊಡ್ಡಹನುಮಯ್ಯನದೇ. ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಅವನಿಗೆ ಗಂಟಲು ಚೆನ್ನಾಗಿತ್ತು. ಭಾಷಣಕ್ಕೆ ಹತ್ತು ಜನ ನಿಲ್ಲುವುದಿಲ್ಲ, ಸಿನಿಮಾ ಹಾಡಿಗಾದರೆ ಬಸ್ಸು ತಪ್ಪಿದರೂ ನಿಲ್ಲುತ್ತಾರೆ ಎಂದು ತನ್ನ ಕೇರಿಯ ಹೋರಾಟದ ಸಂಘದವರನ್ನು ಒಪ್ಪಿಸಿದ. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ರಾಗವೊಂದನ್ನು ಹಿಡಿದು ಹೀಗೆ ಕಟ್ಟಿದ:

ಕುದಿಯೋ ಪಾತ್ರೆ ಒಂದೇ ಅಣ್ಣ,
ಕುಡಿಯೋ ಲೋಟ ಯಾಕೆರಡು?

ಅದೇನು ಪುಸ್ತಕದಿಂದ ಎತ್ತಿದ ಪ್ರಶ್ನೆಯಲ್ಲ. ವರ್ಕ್‌ಶಾಪಿನ ಎದುರಿಗೇ ಕೆಂಚಪ್ಪನ ಹೋಟೆಲು. ಊರಿನವರಿಗೆ ಒಳಗೆ ಬೆಂಚು, ಗಾಜಿನ ಲೋಟ. ದೊಡ್ಡಹನುಮಯ್ಯನ ಕೇರಿಯವರಿಗೆ ಹೊರಗೆ, ಕಿಟಕಿ ಕಟ್ಟೆಯ ಮೇಲೆ ಒಂದು ಅಲ್ಯೂಮಿನಿಯಂ ಲೋಟ. ಕುಡಿದು, ತೊಳೆದು, ಬೋರಲು ಹಾಕಿ ಹೋಗಬೇಕು. ಇಸವಿ ಎಂಬತ್ತನಾಲ್ಕು. ಮನೆಮನೆಗೆ ಟೀವಿ ಬರುತ್ತಿತ್ತು, ಆ ದರಿದ್ರ ಲೋಟ ಮಾತ್ರ ಕದಲಿರಲಿಲ್ಲ. ಅವನಪ್ಪ ಕುಡಿದದ್ದೂ ಅದರಲ್ಲೇ. ಈಗ ಮಗಳು ಶಾಲೆಗೆ ಸೇರಿದ್ದಳು. ಅವಳು ಆ ಕಟ್ಟೆಯ ಮುಂದೆ ನಿಲ್ಲಬಾರದು ಎನ್ನುವುದೊಂದೇ ಅವನ ಹಟ.

ಹಾಡು ಜನಕ್ಕೆ ಹಿಡಿಸಿತು. ವಿಜಯನಗರದಲ್ಲಿ ಹಾಡಿದರು, ಮೂಡಲಪಾಳ್ಯದಲ್ಲಿ ಹಾಡಿದರು, ಯಾರೋ ಕ್ಯಾಸೆಟ್ಟೂ ಮಾಡಿದರು. ಒಂದು ಸೋಮವಾರ ದೊಡ್ಡಹನುಮಯ್ಯ ಟೀಗೆ ಹೋದರೆ ಕೆಂಚಪ್ಪನ ಟೇಪ್‌ರೆಕಾರ್ಡರಿನಲ್ಲಿ ಅವನದೇ ಗಂಟಲು! ಒಳಗೆ ಗಿರಾಕಿಗಳು ಬೆಂಚು ಬಡಿದು ತಾಳ ಹಾಕುತ್ತಿದ್ದರು. ಅವನಿಗೆ ಹಿಗ್ಗೋ ಹಿಗ್ಗು. ಅಂತೂ ಗೆದ್ದೆ ಅಂದುಕೊಂಡ.

"ಏನ್ ಕಂಠನಯ್ಯ ನಿಂದು ದೊಡ್ಡಹನುಮ. ಬೆಳಿಗ್ಗೆಯಿಂದ ನಾಲ್ಕು ಸಲ ಹಾಕ್ಸವ್ರೆ," ಎನ್ನುತ್ತಾ ಕೆಂಚಪ್ಪ ನಗುನಗುತ್ತ ಹೊರಬಂದ. ಬಂದವನು ಕಟ್ಟೆಯ ಲೋಟಕ್ಕೆ ಮೇಲಿನಿಂದ ಟೀ ಹುಯ್ದ.

ದೊಡ್ಡಹನುಮಯ್ಯನ ಮೈಯೆಲ್ಲ ಉರಿದುಹೋಯಿತು. ಇವರಿಗೆ ಕಿವಿ ಇರುವುದು ರಾಗಕ್ಕೆ ಮಾತ್ರವೇ? ಎರಡು ತಿಂಗಳು ಗಂಟಲು ಹರಿದುಕೊಂಡದ್ದು ಇವರ ಟೀ ರುಚಿಯಾಗಲಿ ಅಂತಲೇ?

ಸೀದಾ ಒಳಗೆ ನುಗ್ಗಿ ಟೇಪು ಆರಿಸಿದ. ಹಿಂದೆಯೇ ಓಡಿಬಂದ ಕೆಂಚಪ್ಪನ ಮುಖ ನೋಡಿ, ರಾಗವಿಲ್ಲದೆ, ಬರೀ ಮಾತಿನಲ್ಲಿ ಕೇಳಿದ.

"ಕುದಿಯೋ ಪಾತ್ರೆ ಒಂದೇ. ಕುಡಿಯೋ ಲೋಟ ಯಾಕೆರಡು, ಕೆಂಚಪ್ಪನೋರೇ?"

ಏಳನೇ ಕ್ಲಾಸಿನವರೆಗೆ ಅವನ ಜೊತೆ ಓದಿದ್ದ ಚನ್ನಕೇಶವ ಮೂಲೆಯಿಂದ, "ಹಾಡೋದಾದ್ರೆ ಹಾಡು ಗುರು. ಹಿಂಗೆ ಜಗಳ ತೆಗೀಬೇಡ," ಎಂದ.

ಹಾಡಿ ಹಾಡಿ ದೊಡ್ಡಹನುಮಯ್ಯನಿಗೆ ಸಾಕಾಗಿತ್ತು. ಗಲ್ಲಾದ ಪಕ್ಕ ತುಂಬಿಸಿಟ್ಟಿದ್ದ ಗಾಜಿನ ಲೋಟವೊಂದನ್ನು ಎತ್ತಿಕೊಂಡು ಕುಡಿದ. ಟೀ ಬಿಸಿಯಿತ್ತು, ನಾಲಿಗೆ ಸುಟ್ಟಿತು, ಆದರೂ ತಳದವರೆಗೆ ಕುಡಿದ.

ಹೊಡೆಯುತ್ತಾರೆ ಅಂದುಕೊಂಡಿದ್ದ. ಯಾರೂ ಕೈ ಎತ್ತಲಿಲ್ಲ. ಕೆಂಚಪ್ಪ ಖಾಲಿ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಒಯ್ದು, ಅಲ್ಯೂಮಿನಿಯಂ ಲೋಟದ ಪಕ್ಕದಲ್ಲಿ ಇಟ್ಟ.

"ಇನ್ಮೇಲೆ ನಿಮ್ಮೋರಿಗೆ ಇದೂ ಇರ್ಲಿ ಬಿಡು," ಎಂದ, ಉಪಕಾರ ಮಾಡಿದವನ ಹಾಗೆ.

ದೊಡ್ಡಹನುಮಯ್ಯನಿಗೆ ಅಳು ಬರುವಷ್ಟು ಸಿಟ್ಟು ಬಂತು. ಒಳಗೆ ಸಾಲಾಗಿ ಜೋಡಿಸಿದ್ದ ಲೋಟಗಳ ಮೇಲೆ ಕಣ್ಣಾಡಿಸಿದ.

"ನಾಳೆ ಸಂಘದೋರು ಮೂವತ್ತು ಜನ ಬರ್ತೀವಿ," ಎಂದ. "ಹಾಡೋಕಲ್ಲ, ಟೀಗೆ. ನಾಡಿದ್ದೂ ಬರ್ತೀವಿ. ನಾವು ಕುಡ್ದ ಅಷ್ಟೂ ಲೋಟ ಹೊರಗಿಟ್ಮೇಲೆ ಇವರಿಗೆಲ್ಲ ಯಾವುದ್ರಲ್ಲಿ ಕೊಡ್ತೀರೋ, ಈಗ್ಲೇ ಯೋಚನೆ ಮಾಡ್ಕೊಳ್ಳಿ."

ಕ್ಯಾಸೆಟ್ಟು ಹಾಕು ಎಂದು ಆಮೇಲೆ ಯಾರೂ ಕೇಳಲಿಲ್ಲ.